ಹೊಸ ಮನೆಯ ಕೈತೋಟ: ಮೊದಲ ವರ್ಷ ಮಣ್ಣಿನ ಕೆಲಸಕ್ಕೆ

ಗೃಹಪ್ರವೇಶವಾದ ವಾರದಲ್ಲೇ ಲಾಲ್‌ಬಾಗ್‌ಗೆ ಹೋಗಿ ಗುಲಾಬಿ, ದಾಸವಾಳ, ಕರಿಬೇವು ತಂದು ನೆಡುವವರು ತುಂಬಾ ಜನ. ಸ್ವಲ್ಪ ದಿನಕ್ಕೆ ಎಲೆ ಹಳದಿಯಾಗುತ್ತದೆ. ಗಾಬರಿಯಿಂದ ಗೊಬ್ಬರ ಸುರಿಯುತ್ತಾರೆ. ಗಿಡ ಇನ್ನಷ್ಟು ಸೊರಗುತ್ತದೆ. ಪ್ರತಿ ವರ್ಷವೂ ಇದನ್ನು ನೋಡಿ ನನಗೆ ಸಂಕಟವಾಗುತ್ತದೆ, ಅದಕ್ಕೇ ಈ ಬರಹ.

ಬೆಂಗಳೂರಿನ ಕೆಮ್ಮಣ್ಣು ಒಳ್ಳೆಯ ಮಣ್ಣೇ. ಆದರೆ ಮನೆ ಕಟ್ಟಿದ ಸೈಟಿನಲ್ಲಿ ಅದು ಹಾಗೇ ಉಳಿದಿರುವುದಿಲ್ಲ. ಸಿಮೆಂಟ್ ಕಲಸಿದ್ದು ಅಲ್ಲೇ, ಟೈಲ್ಸ್ ಕೊಯ್ದಿದ್ದು ಅಲ್ಲೇ, ಪುಟ್ಟಿ ಮತ್ತು ಪೇಂಟ್ ಬಕೆಟ್ ತೊಳೆದಿದ್ದೂ ಅಲ್ಲೇ. ಕೊನೆಗೆ ಒಂದು ಲೋಡ್ ಕೆಂಪು ಮಣ್ಣು ಹರಡಿ ಎಲ್ಲವನ್ನೂ ಮುಚ್ಚುತ್ತಾರೆ. ಮೇಲೆ ನೋಡಲು ಚೆಂದ, ಅರ್ಧ ಅಡಿ ಕೆಳಗೆ ಬರೀ ಗಾರೆ.

ಅಗೆಯುವುದು

ಶ್ರಮವೆಲ್ಲ ಇಲ್ಲೇ ಹಾಕಿ. ನೀರಿನ ಪೈಪು, ಸಂಪು, ಚೇಂಬರ್ ಎಲ್ಲಿವೆ ಎಂದು ಮೇಸ್ತ್ರಿಯನ್ನು ಕೇಳಿಕೊಂಡು ಶುರು ಮಾಡಿ. ಏಪ್ರಿಲ್‌–ಮೇ ತಿಂಗಳ ಮೊದಲ ಮಳೆಗಳು ಬಿದ್ದು ಒಂದೆರಡು ದಿನ ಬಿಟ್ಟರೆ ಮಣ್ಣು ಹದಕ್ಕೆ ಬರುತ್ತದೆ. ಹಿಡಿಯಲ್ಲಿ ಒತ್ತಿದ ಉಂಡೆ ಬೆರಳು ತಾಗಿಸಿದರೆ ಪುಡಿಯಾಗಬೇಕು. ಅಂಟಿಕೊಂಡರೆ ಕಾಯಿರಿ. ಹಸಿ ಮಣ್ಣನ್ನು ಅಗೆದರೆ ಹೆಂಟೆ ಕಟ್ಟಿ ಗಟ್ಟಿಯಾಗುತ್ತದೆ.

ಒಂದೂವರೆ ಅಡಿ ಆಳಕ್ಕೆ ಹೋಗಿ. ಜೆಸಿಬಿ ಓಡಾಡಿದ ಜಾಗದಲ್ಲಿ ಗುದ್ದಲಿ ಇಳಿಯುವುದಿಲ್ಲ, ಹಾರೆಯೇ ಬೇಕು. ಜಲ್ಲಿ, ಇಟ್ಟಿಗೆ ಚೂರು, ಗಾರೆ ಹೆಂಟೆ, ಕಂಬಿ, ವೈರ್ ಎಲ್ಲ ಆಯ್ದು ತೆಗೆಯಿರಿ. ಉಳಿದ ಮಣ್ಣಿಗೆ ಮರಳಿನ ಜರಡಿ ಹಿಡಿಯಿರಿ.

ಬೂದು ಬಣ್ಣದ ಮಣ್ಣು ಸಿಕ್ಕರೆ ಒಂದು ಚಮಚದಷ್ಟು ತೆಗೆದು ಅಡುಗೆ ಮನೆಯ ವಿನೆಗರ್ ಹಾಕಿ ನೋಡಿ. ನೊರೆ ಬಂದರೆ ಅದರಲ್ಲಿ ಸುಣ್ಣದ ಅಂಶ, ಅಂದರೆ ಸಿಮೆಂಟ್ ಸೇರಿದೆ. ಅಂಥ ಮಣ್ಣಿನಲ್ಲಿ ಕಬ್ಬಿಣದ ಅಂಶ ಇದ್ದರೂ ಬೇರು ಅದನ್ನು ಹೀರಲಾರದು. ಎಳೆಯ ಎಲೆಯಲ್ಲಿ ನರ ಮಾತ್ರ ಹಸಿರಾಗಿ ಉಳಿದು ನಡುವೆಲ್ಲ ಹಳದಿಯಾಗುವುದು ಇದರಿಂದಲೇ. ಆ ಮಣ್ಣನ್ನು ಸರಿಪಡಿಸುತ್ತಾ ಕೂರಬೇಡಿ, ತೆಗೆದು ಸಾಗಿಸಿ. ಅನುಮಾನ ಉಳಿದರೆ ಜಿಕೆವಿಕೆಯ ಕೃಷಿ ವಿಶ್ವವಿದ್ಯಾಲಯದಲ್ಲಿ ಮಣ್ಣು ಪರೀಕ್ಷೆ ಮಾಡಿಸಿ. ‘ಮಣ್ಣು ಸುಧಾರಕ’ ಅಂತ ಅಂಗಡಿಯವರು ಕೊಡುವ ಸುಣ್ಣದ ಪುಡಿ, ಡೋಲೊಮೈಟ್ ಖಂಡಿತ ಬೇಡ. ಒಲೆ ಬೂದಿಯೂ ಬೇಡ. ಇವೆಲ್ಲ ಕ್ಷಾರವನ್ನೇ ಹೆಚ್ಚಿಸುತ್ತವೆ.

ಕೊನೆಗೆ ಗುಂಡಿಗೆ ಎರಡು ಬಕೆಟ್ ನೀರು ಸುರಿಯಿರಿ. ಮರುದಿನವೂ ನೀರು ನಿಂತಿದ್ದರೆ ತಳ ಇನ್ನೂ ಗಟ್ಟಿಯಾಗಿದೆ. ಹಾರೆಯಿಂದ ಮತ್ತೆ ಸಡಿಲಿಸಿ.

ಗೊಬ್ಬರ, ಆಮೇಲೆ ಅಲಸಂದೆ

ಮೂರು ಪಾಲು ಮಣ್ಣಿಗೆ ಒಂದು ಪಾಲು ಹಳೆಯ ಕೊಟ್ಟಿಗೆ ಗೊಬ್ಬರ. ಸಗಣಿ ವಾಸನೆ ಹೋಗಿ ಮಣ್ಣಿನ ವಾಸನೆ ಬರುತ್ತಿರಬೇಕು. ಹಸಿ ಗೊಬ್ಬರ ಬೇರು ಸುಡುತ್ತದೆ, ಗೊಣ್ಣೆಹುಳುವನ್ನೂ ತರುತ್ತದೆ. ಕೋಕೋಪೀಟ್ ಇಟ್ಟಿಗೆ ಕುಂಡಕ್ಕೆ ಇರಲಿ, ಅದನ್ನೂ ನೀರಲ್ಲಿ ತೊಳೆದು ಉಪ್ಪು ಬಿಡಿಸಿಯೇ ಬಳಸಿ.

ಜೂನ್‌ನಲ್ಲಿ ಇಡೀ ಜಾಗಕ್ಕೆ ಅಲಸಂದೆ ಅಥವಾ ಹಸಿರೆಲೆ ಗೊಬ್ಬರದ ಸೆಣಬು (ಗೋಣಿಚೀಲದ ಸೆಣಬಲ್ಲ) ಚೆಲ್ಲಿ. ದಿನಸಿ ಅಂಗಡಿಯ ಹುರುಳಿಯೂ ಆಗುತ್ತದೆ. ಇವುಗಳ ಬೇರಿನ ಗಂಟುಗಳು ಗಾಳಿಯ ಸಾರಜನಕವನ್ನು ಹಿಡಿದಿಡುತ್ತವೆ. ಒಂದೂವರೆ ತಿಂಗಳಿಗೆ ಹೂವು ಕಾಣಿಸುತ್ತದೆ. ಕಾಯಿ ಕಟ್ಟಲು ಬಿಡಬೇಡಿ, ಅಷ್ಟರಲ್ಲೇ ಕತ್ತರಿಸಿ ಮಣ್ಣಿಗೆ ಸೇರಿಸಿ ಎರಡು ವಾರ ಕೊಳೆಯಲು ಬಿಡಿ. ‘ಜಾಗವೆಲ್ಲ ಕಳೆ ಬಿಟ್ಟಿದ್ದೀರಲ್ಲ’ ಅಂತ ಅಕ್ಕಪಕ್ಕದವರು ಕೇಳುತ್ತಾರೆ. ಕೇಳಲಿ ಬಿಡಿ. ಅಲ್ಲಿಯವರೆಗೆ ತುಳಸಿ, ದೊಡ್ಡಪತ್ರೆ, ಪುದಿನ ಕುಂಡದಲ್ಲಿರಲಿ.

ನೆಡುವುದು

ಆಗಸ್ಟ್ ಕೊನೆಗೆ ನೆಡಿ. ಸೆಪ್ಟೆಂಬರ್, ಅಕ್ಟೋಬರ್ ಮಳೆ ನಮ್ಮ ಊರಲ್ಲಿ ಜೋರು, ಬೇರು ಹಿಡಿಯುವುದಕ್ಕೆ ಅದೇ ಸಾಕು. ದಾಸವಾಳ, ಮಲ್ಲಿಗೆ, ನಿಂಬೆ, ಕರಿಬೇವು ಮೊದಲು. ಕರಿಬೇವು ಬೇರಿನಿಂದ ಮರಿ ಹಾಕುತ್ತಾ ಹರಡುತ್ತದೆ, ಮೂಲೆ ಕೊಡಿ. ಮೂವತ್ತು–ನಲವತ್ತರ ಸೈಟಿನ ಕಿರಿದಾದ ಓಣಿಯಲ್ಲಿ ಮಾವು, ಹಲಸು ಬೇಡವೇ ಬೇಡ. ನುಗ್ಗೆಯ ಕೊಂಬೆ ಗಾಳಿಗೆ ಬೇಗ ಮುರಿಯುತ್ತದೆ, ಕಂಬಳಿಹುಳುವೂ ಜಾಸ್ತಿ. ಕಿಟಕಿಯಿಂದ ದೂರ ಜಾಗ ಇದ್ದರೆ ಮಾತ್ರ ಹಾಕಿ. ಸುರುಳಿ ಸುತ್ತಿ ತರುವ ರೆಡಿ ಹುಲ್ಲುಹಾಸಿಗೆ ಮೊದಲ ವರ್ಷ ದುಡ್ಡು ಸುರಿಯಬೇಡಿ, ಬೇಸಿಗೆಯಲ್ಲಿ ಅದಕ್ಕೆ ನೀರು ಹೊಂದಿಸುವುದೇ ಕಷ್ಟ.

ಮೊದಲ ಬೇಸಿಗೆ

ಆರ್‌ಒ ಫಿಲ್ಟರ್ ಹೊರಬಿಡುವ ನೀರನ್ನು ಗಿಡಕ್ಕೆ ಹಾಕಬೇಡಿ. ಅದರಲ್ಲಿ ಲವಣ ಹೆಚ್ಚು, ನೆಲ ಒರೆಸಲು ಇಟ್ಟುಕೊಳ್ಳಿ. ಗಿಡಕ್ಕೆ ದಿನಾ ಚಿಮುಕಿಸುವ ಬದಲು ವಾರಕ್ಕೆ ಎರಡು ಸಲ ಬೇರಿನ ಆಳಕ್ಕೆ ಇಳಿಯುವಷ್ಟು ಕೊಡಿ. ಫೆಬ್ರವರಿಯಲ್ಲಿ ರಸ್ತೆ ತುಂಬಾ ಒಣ ಎಲೆ ಬೀಳುತ್ತದೆ, ಎಷ್ಟೋ ಕಡೆ ಅದಕ್ಕೆ ಬೆಂಕಿಯನ್ನೂ ಇಡುತ್ತಾರೆ. ಗುಡಿಸುವವರನ್ನು ಕೇಳಿ ಎರಡು ಮೂಟೆ ಇಳಿಸಿಕೊಳ್ಳಿ. ಕಾಂಡದಿಂದ ನಾಲ್ಕು ಬೆರಳು ಜಾಗ ಬಿಟ್ಟು ಗಿಡದ ಸುತ್ತ ಗೇಣುದ್ದ ದಪ್ಪಕ್ಕೆ ಹರಡಿ, ಮೇಲೊಮ್ಮೆ ನೀರು ಚಿಮುಕಿಸಿ.