ಉತ್ತರದ ಗೋಡೆಯ ಪಾಚಿ: ನಮ್ಮ ವಿನೈಲ್ ಸೈಡಿಂಗ್ ನಾನು ತೊಳೆಯುವ ರೀತಿ

ರಾಲಿ ಸುತ್ತಮುತ್ತ ಮನೆ ತಗೊಂಡಿರುವ ಕನ್ನಡದವರು ಒಮ್ಮೆ ಮನೆಯ ಉತ್ತರ ದಿಕ್ಕಿನ ಗೋಡೆ ಹತ್ತಿರ ಹೋಗಿ ನೋಡಿ. ನಾರ್ತ್ ಕ್ಯಾರೊಲೈನಾದ ಬೇಸಿಗೆಯ ಸೆಕೆ, ಪೈನ್ ಮರಗಳ ನೆರಳು, ಬಿಸಿಲು ತಾಗದ ಗೋಡೆ. ಪಾಚಿ ಹಿಡಿಯೋಕೆ ಇಷ್ಟು ಸಾಕು. ನಮ್ಮ ಮನೆಯ ಸೈಡಿಂಗ್, ಅಂದರೆ ಹೊರಗೋಡೆಯ ಹೊದಿಕೆ, ಕೆನೆ ಬಣ್ಣದ್ದು, ಹಸಿರು ಎದ್ದು ಕಾಣುತ್ತದೆ. ಎಚ್‌ಒಎ, ಅಂದರೆ ಬಡಾವಣೆಯ ಮನೆಮಾಲೀಕರ ಸಂಘದವರ ಕಣ್ಣಿಗೆ ಇನ್ನೂ ಬೇಗ ಕಾಣುತ್ತದೆ. ಫೋಟೊ ತೆಗೆದು ಕಾಗದ ಕಳಿಸಿಬಿಡುತ್ತಾರೆ.

ತೊಳೆದುಕೊಡುವವರು ಸಿಗುತ್ತಾರೆ, ಕೆಲವು ನೂರು ಡಾಲರ್ ಆಗುತ್ತದೆ. ಅದನ್ನು ಉಳಿಸೋಣ ಅಂತಲೇ ನಾನು ಈ ಕೆಲಸಕ್ಕೆ ಕೈ ಹಾಕಿದ್ದು. ಈಗ ದುಡ್ಡಿನ ಮಾತಲ್ಲ. ಯಾರಾದರೂ ಜೋರಾಗಿ ನೀರು ಚಿಮ್ಮಿಸುವ ಪ್ರೆಶರ್ ವಾಷರ್ ಯಂತ್ರ ಹಿಡಿದು ಕೆಳಗಿನಿಂದ ಮೇಲಕ್ಕೆ ನೀರು ಹೊಡೆಯುವುದನ್ನು ಕಂಡರೆ ನನಗೆ ತಡೆಯೋಕಾಗಲ್ಲ.

ಯಾಕೆ ಅಂದರೆ, ವಿನೈಲ್ ಸೈಡಿಂಗ್ ನೀರನ್ನು ಪೂರ್ತಿ ತಡೆಯುವ ಗೋಡೆಯೇ ಅಲ್ಲ. ಅದು ಪಿವಿಸಿ ಪಟ್ಟಿಗಳ ಹೊದಿಕೆ. ಒಂದೊಂದು ಪಟ್ಟಿ ಸುಮಾರು 12 ಅಡಿ ಉದ್ದ, ಕೆಳಗಿನದರ ಅಂಚಿಗೆ ಮೇಲಿನದು ಕೊಂಡಿ ಹಾಕಿಕೊಂಡು ಕೂರುತ್ತದೆ. ಹೆಂಚಿನ ಮಾಡು ನೆನಪು ಮಾಡಿಕೊಳ್ಳಿ. ಮೇಲಿನಿಂದ ಎಷ್ಟೇ ಮಳೆ ಸುರಿದರೂ ಜಾರಿ ಹೋಗುತ್ತದೆ, ಕೆಳಗಿನಿಂದ ಪೈಪು ಹಿಡಿದರೆ ಒಳಗೆಲ್ಲ ನೀರು. ಸೈಡಿಂಗ್ ಹಿಂದೆ ಹೌಸ್ ರ‍್ಯಾಪ್ ಅನ್ನುವ ಹಾಳೆ ಇರುತ್ತದೆ, ಅದರ ಹಿಂದೆ ಮರದ ಹಲಗೆ. ಗಾಳಿ ಮಳೆಗೆ ಒಂದಿಷ್ಟು ನೀರು ಒಳಗೆ ಹೋಗುವುದು ಸಹಜ. ಅದು ಹೊರಗೆ ಬರಲಿ ಅಂತಲೇ ಪ್ರತಿ ಪಟ್ಟಿಯ ಕೆಳಅಂಚಿನಲ್ಲಿ ಸಣ್ಣ ಸಣ್ಣ ತೂತು ಇಟ್ಟಿರುತ್ತಾರೆ. ಪ್ರೆಶರ್ ವಾಷರ್‌ನಿಂದ ಮೇಲ್ಮುಖವಾಗಿ ಹೊಡೆದರೆ ಆ ತೂತುಗಳಿಗೆ ನಿಭಾಯಿಸಲಾಗದಷ್ಟು ನೀರು ಒಳಗೆ ನುಗ್ಗುತ್ತದೆ. ಹಲಗೆ ಒದ್ದೆಯಾಗಿ ಉಳಿದರೆ ಕೊಳೆಯುತ್ತದೆ, ಹೊರಗಿನಿಂದ ಏನೂ ಗೊತ್ತಾಗುವುದಿಲ್ಲ.

ಹಾಗಂತ ಪ್ರೆಶರ್ ವಾಷರ್ ಮುಟ್ಟಲೇಬಾರದ ವಸ್ತು ಅಲ್ಲ. ಬಳಸಲೇಬೇಕು ಅಂದರೆ ಅಗಲವಾಗಿ ಚೆಲ್ಲುವ 40 ಡಿಗ್ರಿ ನಾಜಲ್ ಹಾಕಿ, ದೂರ ನಿಂತು, ನೇರವಾಗಿ ಇಲ್ಲವೇ ಮೇಲಿನಿಂದ ಕೆಳಕ್ಕೆ ಹಿಡಿಯಿರಿ. ಕಿಟಕಿ, ಬಾಗಿಲು, ಲೈಟು, ಡ್ರೈಯರ್ ವೆಂಟ್ ಕಡೆ ತಿರುಗಿಸಬೇಡಿ. ನನ್ನ ಮಟ್ಟಿಗೆ ಗಾರ್ಡನ್ ಹೋಸ್ ಸಾಕು. ಪಾಚಿ ಹೋಗುವುದು ನೀರಿನ ಜೋರಿಗೆ ಅಲ್ಲ, ಔಷಧಿಗೆ ಸಮಯ ಕೊಟ್ಟರೆ.

ಇಲ್ಲಿ ಮಾರ್ಚ್ ಕೊನೆಯಿಂದ ಏಪ್ರಿಲ್‌ವರೆಗೆ ಪೈನ್ ಪರಾಗ ಉದುರುತ್ತದೆ. ಕಾರು, ಡೆಕ್ಕು, ಗೋಡೆ ಎಲ್ಲ ಹಳದಿ. ಅದಕ್ಕೆ ಮೊದಲೇ ಗೋಡೆ ತೊಳೆದರೆ ಸುಮ್ನೆ ಶ್ರಮ ದಂಡ. ನಾನು ಪರಾಗ ಮುಗಿದು ಒಂದೆರಡು ಮಳೆ ಬಂದ ಮೇಲೆ, ಮೇ ತಿಂಗಳಲ್ಲಿ, ಮೋಡ ಇರುವ ದಿನ ನೋಡಿ ಇಳಿಯುತ್ತೇನೆ. ಬಿಸಿಲಲ್ಲಿ ತೊಳೆದರೆ ಔಷಧಿ ಗೋಡೆ ಮೇಲೇ ಒಣಗಿ ಕಲೆ ಬೀಳುತ್ತದೆ. ಮೋಡ ಇಲ್ಲದಿದ್ದರೆ ನೆರಳಿನ ಹಿಂದೆ ಹೋಗಿ, ಬೆಳಗ್ಗೆ ಪಶ್ಚಿಮದ ಗೋಡೆ, ಮಧ್ಯಾಹ್ನದ ಮೇಲೆ ಪೂರ್ವದ್ದು.

ಬಕೆಟ್ ತೆಗೆಯುವ ಮೊದಲು ಒದ್ದೆ ಬಟ್ಟೆಯಿಂದ ಒಂದು ಕಡೆ ಒರೆಸಿ ನೋಡಿ. ಬಟ್ಟೆಗೆ ಮಣ್ಣು ಬಂದರೆ ಬರೀ ಧೂಳು. ಬಿಳಿ ಪುಡಿ ಬಂದರೆ ಅದು ಕೊಳೆಯಲ್ಲ, ಬಿಸಿಲಿಗೆ ವಿನೈಲ್‌ನ ಮೇಲ್ಪದರವೇ ಸವೆದು ಪುಡಿಯಾಗಿರುವುದು. ಅದನ್ನು ತೊಳೆದು ತೆಗೆಯಬಹುದು, ಹಳೆಯ ಹೊಳಪು ವಾಪಸ್ ಬರುವುದಿಲ್ಲ. ಕಪ್ಪು ಚುಕ್ಕೆ ಬೂಷ್ಟೋ ಕೊಳೆಯೋ ಅಂತ ಅನುಮಾನ ಇದ್ದರೆ ಒಂದು ತೊಟ್ಟು ಬ್ಲೀಚ್ ಹಚ್ಚಿ ಎರಡು ನಿಮಿಷ ಬಿಡಿ. ಬಣ್ಣ ತಿಳಿಯಾದರೆ ಬೂಷ್ಟು.

ಧೂಳು, ತೆಳು ಪಾಚಿಗೆ 30 ಭಾಗ ಬಿಳಿ ವಿನೆಗರ್, 70 ಭಾಗ ನೀರು ಸಾಕು. ಅಮೆರಿಕದ ಸೈಡಿಂಗ್ ತಯಾರಕರ ಸಂಘವಾದ ವಿನೈಲ್ ಸೈಡಿಂಗ್ ಇನ್‌ಸ್ಟಿಟ್ಯೂಟ್ ಹೇಳಿದ್ದ ಅಳತೆಯೇ ಇದು. ಉತ್ತರದ ಗೋಡೆಯ ಹಟಮಾರಿ ಪಾಚಿಗೆ ವಿನೆಗರ್ ಸಾಲದು. ಅಲ್ಲಿಗೆ ಒಂದು ಗ್ಯಾಲನ್ ನೀರಿಗೆ ಒಂದು ಕ್ವಾರ್ಟ್ ಬಟ್ಟೆಗೆ ಹಾಕುವ ಬ್ಲೀಚ್, ಜತೆಗೆ ಮೂರನೇ ಒಂದು ಕಪ್ ಡಿಟರ್ಜೆಂಟ್ ಪೌಡರ್. ಲೀಟರ್ ಲೆಕ್ಕದಲ್ಲಿ ಹೇಳಬೇಕೆಂದರೆ ನಾಲ್ಕು ಪಾಲು ನೀರಿಗೆ ಒಂದು ಪಾಲು ಬ್ಲೀಚ್.

ಇಲ್ಲೊಂದು ಮಾತು ಗಟ್ಟಿಯಾಗಿ ಹೇಳಬೇಕು. ಬ್ಲೀಚ್ ಮತ್ತು ವಿನೆಗರ್ ಎರಡನ್ನೂ ಒಂದೇ ಬಕೆಟ್‌ಗೆ ಹಾಕಬೇಡಿ, ಒಂದೇ ಗೋಡೆ ಮೇಲೆ ಒಂದರ ಹಿಂದೆ ಒಂದು ಹೊಡೆಯಲೂಬೇಡಿ. ಕ್ಲೋರಿನ್ ಅನಿಲ ಬರುತ್ತದೆ. ಊರಲ್ಲಿ ಬಚ್ಚಲು ತೊಳೆಯುವಾಗ ಆಸಿಡ್ ಸುರಿದು ಮೇಲೆ ಬ್ಲೀಚಿಂಗ್ ಪೌಡರ್ ಉದುರಿಸಿ ಕೆಮ್ಮುತ್ತಾ ಹೊರಗೆ ಓಡಿ ಬರುವವರನ್ನು ನೋಡಿದ್ದೀರಲ್ಲ, ಅದೇ ಅನಿಲ. ಅಮೋನಿಯ ಇರುವ ಕ್ಲೀನರ್ ಕೂಡ ಬ್ಲೀಚ್ ಹತ್ತಿರ ಬರಕೂಡದು. ಕನ್ನಡಕ, ರಬ್ಬರ್ ಗ್ಲೌಸ್, ಹಳೆ ಬಟ್ಟೆ ಇರಲಿ.

ಗೋಡೆ ಬುಡದಲ್ಲಿ ನಮ್ಮದು ಅಜೇಲಿಯ ಗಿಡಗಳು. ಔಷಧಿ ಹೊಡೆಯುವ ಮೊದಲು ಅವುಗಳ ಎಲೆಗೂ ಬುಡಕ್ಕೂ ಚೆನ್ನಾಗಿ ನೀರು ಕುಡಿಸುತ್ತೇನೆ. ಮೊದಲೇ ನೆನೆದಿದ್ದರೆ ಮೇಲೆ ಬಿದ್ದ ಬ್ಲೀಚ್ ಅಲ್ಲೇ ತೆಳುವಾಗಿ ಹರಿದು ಹೋಗುತ್ತದೆ. ಮುಗಿದ ಮೇಲೆ ಮತ್ತೊಮ್ಮೆ ನೀರು. ಕಿಟಕಿ ಮುಚ್ಚಿ, ಹೊರಗಿನ ಪ್ಲಗ್ ಪಾಯಿಂಟಿನ ಮುಚ್ಚಳ ಹಾಕಿ, ಸೂರಿನ ಕೆಳಗೆ ಕಣಜ ಗೂಡು ಕಟ್ಟಿದೆಯಾ ಅಂತ ತಲೆ ಎತ್ತಿ ನೋಡಿ. ಇದನ್ನು ಮಾತ್ರ ಮರೆಯಬೇಡಿ.

ಔಷಧಿ ಹಚ್ಚುವುದು ಕೆಳಗಿನಿಂದ ಮೇಲಕ್ಕೆ. ಹೊಸಬರಿಗೆ ಇದು ತಲೆಕೆಳಗು ಅನಿಸುತ್ತದೆ. ಒಣ ಕೊಳೆಯ ಮೇಲೆ ಮೇಲಿನಿಂದ ಔಷಧಿ ಇಳಿದರೆ ಹನಿ ಹರಿದ ದಾರಿ ಮಾತ್ರ ಬೆಳ್ಳಗಾಗಿ ಗೆರೆ ಗೆರೆ ಉಳಿಯುತ್ತದೆ. ಕೆಳಗೆ ಮೊದಲೇ ಒದ್ದೆಯಾಗಿದ್ದರೆ ಆ ತೊಂದರೆ ಇಲ್ಲ. ನಾನು ಪಂಪ್ ಸ್ಪ್ರೇಯರ್‌ನಿಂದ ಒಂದು ಕಿಟಕಿಯಿಂದ ಇನ್ನೊಂದು ಕಿಟಕಿಯವರೆಗಿನ ಭಾಗ ತಗೊಂಡು, ಹೊಡೆದು, ಹತ್ತು ನಿಮಿಷ ಬಿಡುತ್ತೇನೆ. ಒಣಗುತ್ತಿದೆ ಅನಿಸಿದರೆ ಮತ್ತೆ ಸ್ವಲ್ಪ ಹೊಡೆಯುತ್ತೇನೆ. ಹಸಿರು ಮೊದಲು ಮಂಕಾಗುತ್ತದೆ, ಆಮೇಲೆ ಕಂದು, ಆಮೇಲೆ ನೋಡನೋಡುತ್ತಲೇ ಇಲ್ಲವಾಗುತ್ತದೆ. ಕೊನೆಗೆ ಉಳಿಯುವುದು ಪಟ್ಟಿಯ ಕೊಂಡಿಯ ಕೆಳಗಿನ ಸಂದಿ. ಸೈಡಿಂಗ್ ಮೇಲೆ ಮರದ ಎಳೆಯಂತೆ ಗೀರು ಒತ್ತಿರುತ್ತಾರಲ್ಲ, ಆ ಗೀರಿನೊಳಗೂ ಕೂದಲೆಳೆಯಷ್ಟು ಹಸಿರು ಉಳಿದಿರುತ್ತದೆ. ಅಲ್ಲಿಗೆ ಉದ್ದ ಕೋಲಿನ ಮೆತ್ತನೆ ಬ್ರಷ್, ಕಾರು ತೊಳೆಯುವಂಥದ್ದು. ಪಟ್ಟಿಯ ಉದ್ದಕ್ಕೆ ಹಗುರವಾಗಿ ಎಳೆಯಬೇಕು. ಆಮೇಲೆ ಮೇಲಿನಿಂದ ಕೆಳಕ್ಕೆ ಧಾರಾಳವಾಗಿ ನೀರು.

ತೀರ್ಥಹಳ್ಳಿಯಿಂದ ಅಪ್ಪಯ್ಯ ಬಂದಿದ್ದಾಗ ಇದನ್ನೆಲ್ಲ ಕುರ್ಚಿ ಹಾಕಿಕೊಂಡು ನೋಡಿದರು. ಮಳೆಗಾಲದ ಪಾಚಿ ಕಂಡ ಜೀವ. "ತಿಕ್ಕದೆ ಪಾಚಿ ಹೋಗ್ತದೇನೋ? ಒಂದು ತೆಂಗಿನ ನಾರು ಸಿಗಲ್ವಾ ಇಲ್ಲಿ?" ಅಂದರು. ನಾರು, ಸ್ಟೀಲ್ ಜುಂಗು ಯಾವುದೂ ಇದಕ್ಕೆ ಆಗದು, ಗೀರು ಬಿದ್ದರೆ ಮುಂದಿನ ವರ್ಷದ ಕೊಳೆ ಅಲ್ಲೇ ಮನೆ ಮಾಡುತ್ತದೆ. ಗೋಡೆ ಬೆಳ್ಳಗಾದ ಮೇಲೆ ಅವರ ಮುಂದಿನ ಪ್ರಶ್ನೆ: "ಬಣ್ಣ ಬಳಿದುಬಿಡಬಹುದಲ್ಲ?" ಬಳಿಯಬಹುದು. ಆದರೆ ಈಗಿರುವುದಕ್ಕಿಂತ ಗಾಢ ಬಣ್ಣ ಬೇಡ, ವಿನೈಲ್‌ಗೆ ಅಂತಲೇ ಮಾಡಿದ ಪೇಂಟ್ ಆದರೆ ಮಾತ್ರ ಯೋಚಿಸಬಹುದು. ಗಾಢ ಬಣ್ಣ ಬಿಸಿಲು ಹೀರುತ್ತದೆ, ಪಟ್ಟಿ ಸೊಟ್ಟಗಾಗುತ್ತದೆ. 70 ಡಿಗ್ರಿ ಸೆಲ್ಸಿಯಸ್ ದಾಟಿದರೆ ವಿನೈಲ್ ಮೆತ್ತಗಾಗಲು ಶುರು. ಬಾರ್ಬೆಕ್ಯೂ ಗ್ರಿಲ್ ಗೋಡೆಗೆ ಒತ್ತಿ ಇಟ್ಟವರ ಮನೆ ಸೈಡಿಂಗ್ ನೋಡಿದರೆ ಇದು ಅರ್ಥವಾಗುತ್ತದೆ. ಪಕ್ಕದ ಮನೆಯ ಲೋ-ಇ ಗಾಜಿನ (ಶಾಖ ಹಿಂದಕ್ಕೆ ಕಳಿಸುವ ಲೇಪ ಇರುವ ಗಾಜು) ಕಿಟಕಿಯಿಂದ ಬಿಸಿಲು ಪ್ರತಿಫಲಿಸಿಯೂ ಕರಗುವುದುಂಟು. ನಿಮ್ಮ ಗೋಡೆ ಮೇಲೆ ಒಂದೇ ಜಾಗದಲ್ಲಿ ಅಲೆಅಲೆಯಾಗಿದ್ದರೆ ಎದುರಿನ ಕಿಟಕಿ ನೋಡಿ.

ಯಾವ ಔಷಧಿಗೂ ಬಗ್ಗದ್ದು ಒಂದಿದೆ. ಗೋಡೆ ಬುಡದಲ್ಲಿ ಮರದ ಚೂರಿನ ಮಲ್ಚ್ ಹಾಕಿದ್ದರೆ ಅದರಲ್ಲಿ ಆರ್ಟಿಲರಿ ಫಂಗಸ್ ಬೆಳೆಯುತ್ತದೆ. ಬೆಳಕಿನ ಕಡೆಗೆ, ತಿಳಿ ಬಣ್ಣದ ಗೋಡೆ ಕಡೆಗೆ, ತನ್ನ ಬೀಜಕಣಗಳನ್ನು ಸಿಡಿಸುತ್ತದೆ. ಟಾರ್ ಚುಕ್ಕೆಯಂತೆ ಅಂಟಿಕೊಳ್ಳುತ್ತವೆ. ಹಳೇ ಕ್ರೆಡಿಟ್ ಕಾರ್ಡಿನಿಂದ ಕೆರೆದರೆ ಚುಕ್ಕೆ ಉದುರಿದರೂ ಕಂದು ಕಲೆ ಉಳಿಯುತ್ತದೆ. ನಾನು ಆ ಸಾಲಿನ ಮಲ್ಚ್ ತೆಗೆದು ಜಲ್ಲಿ ಹಾಕಿದೆ. ಹೊಸ ಚುಕ್ಕೆ ಬರುವುದು ಕಡಿಮೆಯಾಯಿತು, ಹಳೆಯವು ಹಾಗೇ ಇವೆ.

ತೊಳೆಯುವಾಗಲೇ ಗೋಡೆಯ ತಪಾಸಣೆಯೂ ಆಗಿಬಿಡಲಿ. ಕೆಳಅಂಚಿನ ತೂತುಗಳಲ್ಲಿ ಜೇಡರ ಬಲೆ, ಮಣ್ಣು ಕೂತಿದ್ದರೆ ಹಲ್ಲುಕಡ್ಡಿಯಿಂದ ಬಿಡಿಸಿ. ಕೆಲವರು ಆ ತೂತುಗಳನ್ನೇ ಬಿರುಕು ಅಂದುಕೊಂಡು ಕಾಕ್ (ಸಂದಿ ಮುಚ್ಚುವ ಅಂಟು) ತುಂಬಿಬಿಡುತ್ತಾರೆ. ಬೇಡವೇ ಬೇಡ. ಎರಡು ಪಟ್ಟಿ ಒಂದರ ಮೇಲೊಂದು ಕೂರುವ ಜಾಗಕ್ಕೂ ಕಾಕ್ ಹಾಕಬಾರದು. ಚಳಿಗಾಲಕ್ಕೂ ಬೇಸಿಗೆಗೂ ನಡುವೆ 12 ಅಡಿಯ ಪಟ್ಟಿ ಅರ್ಧ ಇಂಚಿನಷ್ಟು ಹಿಗ್ಗಿ ಕುಗ್ಗುತ್ತದೆ, ಅದಕ್ಕಾಗಿಯೇ ಮೊಳೆಯನ್ನೂ ಬಿಗಿಯಾಗಿ ಹೊಡೆಯುವುದಿಲ್ಲ. ಅಂಗೈ ಇಟ್ಟು ಪಕ್ಕಕ್ಕೆ ತಳ್ಳಿದರೆ ಸ್ವಲ್ಪ ಜಾರಬೇಕು. ಏಣಿ ಹತ್ತಿ ಸ್ಪ್ರೇ ಮಾಡುವ ಸಾಹಸವೂ ಬೇಡ. ಉದ್ದ ಕೋಲು ಸಾಕು, ಕರೆಂಟಿನ ವೈರ್ ಮನೆಗೆ ಬರುವ ಕಡೆ ಮಾತ್ರ ಕೋಲು ಎತ್ತಬೇಡಿ.

ಲಾನ್ ಮೋವರ್ ಸಿಡಿಸಿದ ಕಲ್ಲಿಗೆ ಒಂದು ಪಟ್ಟಿ ಒಡೆದರೆ ಇಡೀ ಗೋಡೆ ಬಿಚ್ಚಬೇಕಿಲ್ಲ. ಸೈಡಿಂಗ್ ಬಿಡಿಸುವ ಕೊಕ್ಕೆ, ಇಲ್ಲಿ ಜಿಪ್ ಟೂಲ್ ಅನ್ನುತ್ತಾರೆ, ಹತ್ತು ಡಾಲರ್ ಒಳಗೆ ಸಿಗುತ್ತದೆ. ಮೇಲಿನ ಪಟ್ಟಿಯ ಕೊಂಡಿ ಬಿಡಿಸಿ, ಮೊಳೆ ಕಿತ್ತು, ಹೊಸದನ್ನು ಕೂರಿಸಿ, ಮತ್ತೆ ಕೊಂಡಿ ಹಾಕಿದರೆ ಆಯಿತು. ಬೆಚ್ಚಗಿರುವ ದಿನ ಮಾಡಿ, ಚಳಿಯಲ್ಲಿ ವಿನೈಲ್ ಪೆಡಸಾಗಿ ಪಕ್ಕದ ಪಟ್ಟಿಯೂ ಸೀಳುತ್ತದೆ. ತೊಂದರೆ ಇರುವುದು ಬಣ್ಣದ್ದು. ಅದೇ ಕಂಪನಿ, ಅದೇ ಬಣ್ಣ ತಂದರೂ ಹಳೆಯದು ಬಿಸಿಲಿಗೆ ಮಾಸಿರುತ್ತದೆ, ಹೊಸ ಪಟ್ಟಿ ಎದ್ದು ಕಾಣುತ್ತದೆ. ಹಾಗಾಗಿ ಹಿತ್ತಲಲ್ಲಿ ಎಸಿ ಯಂತ್ರದ ಹಿಂದಿನ ಪಟ್ಟಿಯೊಂದನ್ನು ಬಿಚ್ಚಿ ಮುಂದಿನ ಗೋಡೆಗೆ ಹಾಕಿ, ಹೊಸದನ್ನು ಅದರ ಜಾಗಕ್ಕೆ ಹಾಕಿ. ಅಲ್ಲಿ ಬಣ್ಣ ಹೊಂದದಿದ್ದರೂ ನೋಡುವವನು ಎಸಿ ರಿಪೇರಿಯವನೊಬ್ಬನೇ.