ಹಾರ್ನೆಸ್ (ಇಡೀ ಕಾರಿನ ವೈರುಗಳ ಕಟ್ಟು) ಕೀಳದೆ ಹಳೆಯ ಕಾರಿನ ವಿದ್ಯುತ್ ದೋಷಗಳನ್ನು ಕಳೆದದ್ದು: ನನ್ನ ಅನುಭವ

ಕಾರು ಕೈಗೆ ಬಂದ ಮೊದಲ ಎರಡು ತಿಂಗಳಲ್ಲಿ ಅದು ದಾರಿಯಲ್ಲಿ ನಿಂತದ್ದು ಒಂಬತ್ತು ಬಾರಿಯೋ ಹತ್ತು ಬಾರಿಯೋ ಇರಬೇಕು. 1966ರ ಬ್ರಿಟಿಷ್ ಕಾರು. ಪಾಸಿಟಿವ್ ಅರ್ಥ್ (ಬ್ಯಾಟರಿಯ ಪಾಸಿಟಿವ್ ತುದಿ ಬಾಡಿಗೆ ಸೇರಿರುವ ವ್ಯವಸ್ಥೆ), ಬ್ಯಾಟರಿ ಚಾರ್ಜ್ ಮಾಡಲು ಡೈನಮೊ, ಇಡೀ ಗಾಡಿಗೆ ಎರಡೇ ಫ್ಯೂಸ್. ಎಂಜಿನ್ ಗಟ್ಟಿಯಾಗಿತ್ತು, ಬಾಡಿಯಲ್ಲಿ ತುಕ್ಕು ಕಡಿಮೆಯಿತ್ತು, ಅದನ್ನು ನೋಡಿಯೇ ಕೊಂಡೆ. ಆದರೆ ಬಿಸಿಯಾದ ಮೇಲೆ ಎಂಜಿನ್ ಆರಿಹೋಗುತ್ತಿತ್ತು, ನಾಲ್ಕು ದಿನ ನಿಲ್ಲಿಸಿದರೆ ಬ್ಯಾಟರಿ ಇಳಿದುಹೋಗುತ್ತಿತ್ತು, ಎಡಕ್ಕೆ ತಿರುಗುವಾಗ ಕೆಲವೊಮ್ಮೆ ಫ್ಯೂಸ್ ಸುಡುತ್ತಿತ್ತು, ಹೆಡ್‌ಲೈಟ್ ಉರಿಯುತ್ತಿರುವಾಗ ಇಂಡಿಕೇಟರ್ ಹಾಕಿದರೆ ಎರಡೂ ಒಟ್ಟಿಗೆ ಮಂಕಾಗುತ್ತಿದ್ದವು. ನೋಡಿದ ಮೂವರು ಎಲೆಕ್ಟ್ರಿಷಿಯನ್‌ಗಳೂ ಒಂದೇ ಮಾತು ಹೇಳಿದರು: "ಸರ್, ಐವತ್ತು ವರ್ಷ ದಾಟಿದ ವೈರಿಂಗ್ ಇದು. ಪೂರ್ತಿ ಕಿತ್ತು ಹೊಸ ಹಾರ್ನೆಸ್ ಹಾಕಿಸಿ, ಇಲ್ಲದಿದ್ದರೆ ಈ ಕಾಟ ತಪ್ಪುವುದಿಲ್ಲ." ಅದಕ್ಕೆ ಅವರು ಹೇಳಿದ ಮೊತ್ತ ನಾನು ಕಾರಿಗೆ ಕೊಟ್ಟ ಬೆಲೆಯ ಐದನೇ ಒಂದು ಪಾಲಿನಷ್ಟಿತ್ತು. ನಾನು ಹಾಕಿಸಲಿಲ್ಲ. ದೋಷಗಳನ್ನು ನಾನೇ ಹುಡುಕಿ ಕಳೆದು ಈಗ ಹದಿನಾಲ್ಕು ತಿಂಗಳಾಗಿವೆ, ಸುಮಾರು ಆರು ಸಾವಿರ ಕಿಲೋಮೀಟರ್ ಓಡಿದೆ, ವಿದ್ಯುತ್ ದೋಷದಿಂದ ಒಮ್ಮೆಯೂ ನಿಂತಿಲ್ಲ. ಒಳಗಿರುವ ವೈರಿಂಗ್‌ನಲ್ಲಿ ಹತ್ತಕ್ಕೆ ಒಂಬತ್ತು ಪಾಲು ಅದೇ ಹಳೆಯದು.

ದುಡ್ಡು ಕಳೆದುಕೊಂಡದ್ದನ್ನು ಮೊದಲು ಹೇಳಿಬಿಡುತ್ತೇನೆ, ಏಕೆಂದರೆ ಆ ಎರಡು ತಿಂಗಳು ನಾನೂ ಎಲ್ಲರಂತೆ ಊಹೆಯ ಮೇಲೆ ಭಾಗಗಳನ್ನು ಬದಲಿಸುತ್ತಾ ಹೋದೆ. ಹೊಸ ಬ್ಯಾಟರಿ, ಎರಡು ಸಲ ಕಾಯಿಲ್ (ಸ್ಪಾರ್ಕಿಗೆ ಬೇಕಾದ ಹೆಚ್ಚಿನ ವೋಲ್ಟೇಜ್ ಕೊಡುವ ಸುರುಳಿ), ಅದರ ಕರೆಂಟನ್ನು ಕಡಿದು ಜೋಡಿಸುವ ಪಾಯಿಂಟ್, ಪಾಯಿಂಟಿನ ಜೊತೆಗಿರುವ ಕಂಡೆನ್ಸರ್, ಡೈನಮೊ ರಿಪೇರಿ, ಎಲ್ಲ ಸೇರಿ ಹಾರ್ನೆಸ್‌ಗೆ ಕೇಳಿದ ಮೊತ್ತದ ಅರ್ಧಕ್ಕಿಂತ ಹೆಚ್ಚು ಹೋಯಿತು. ಇವುಗಳಲ್ಲಿ ನಿಜಕ್ಕೂ ಕೆಟ್ಟಿದ್ದ ಭಾಗ ಒಂದೂ ಇರಲಿಲ್ಲ. ಡೈನಮೊ ವಿಷಯದಲ್ಲಂತೂ ಒಳ್ಳೆಯದಿದ್ದುದನ್ನು ನಾನೇ ಕೆಡಿಸಿದೆ. ರಿಪೇರಿಯಾಗಿ ಬಂದ ಡೈನಮೊವನ್ನು ಅಲ್ಲಿ ನೆಗೆಟಿವ್ ಅರ್ಥ್‌ಗೆ ಹೊಂದಿಸಿ ಪರೀಕ್ಷಿಸಿದ್ದರು. ಅದನ್ನು ಕೂರಿಸಿದ ನಾನು ಫೀಲ್ಡ್ ಟರ್ಮಿನಲ್‌ಗೆ ಬ್ಯಾಟರಿಯ ಅರ್ಥ್ ಆಗದ ತುದಿಯಿಂದ ಒಂದು ಕ್ಷಣ ತಂತಿ ತಾಗಿಸಿ ಧ್ರುವ ಸರಿಪಡಿಸುವುದನ್ನು ಮರೆತೆ. ಎಂಜಿನ್ ವೇಗ ಏರಿ ಕಟ್‌ಔಟ್ (ಡೈನಮೊವನ್ನು ಬ್ಯಾಟರಿಗೆ ತಾನಾಗಿ ಜೋಡಿಸುವ ಸ್ವಿಚ್) ಮುಚ್ಚಿಕೊಂಡ ಕೂಡಲೇ ಬ್ಯಾಟರಿಯೂ ಡೈನಮೊವೂ ಒಂದರ ಬೆನ್ನಿಗೆ ಒಂದು ಸೇರಿದಂತಾಗಿ, ಕಟ್‌ಔಟಿನ ಪಾಯಿಂಟ್‌ಗಳು ಸುಟ್ಟು ಅಂಟಿಕೊಂಡವು. ಕಟ್‌ಔಟ್ ಇರುವ ಕಂಟ್ರೋಲ್ ಬಾಕ್ಸ್ ಹೊಸದು ತರಬೇಕಾಯಿತು. ಡೈನಮೊ ಬಿಚ್ಚುವ ಮೊದಲು ಅದರ ಎರಡು ತಂತಿ ತೆಗೆದು, ಡಿ (ಔಟ್‌ಪುಟ್) ಮತ್ತು ಎಫ್ (ಫೀಲ್ಡ್) ಟರ್ಮಿನಲ್‌ಗಳನ್ನು ಜೋಡಿಸಿ, ಅವುಗಳಿಗೂ ಬಾಡಿಗೂ ನಡುವೆ ವೋಲ್ಟ್‌ಮೀಟರ್ ಹಿಡಿದಿದ್ದರೆ ಎರಡು ನಿಮಿಷದಲ್ಲಿ ತೀರ್ಮಾನವಾಗುತ್ತಿತ್ತು. ಸಾವಿರದ ಸುತ್ತಿನ ಆರ್‌ಪಿಎಂನಲ್ಲಿ 20 ವೋಲ್ಟ್ ತೋರಿಸಿದರೆ ಡೈನಮೊ ಆರೋಗ್ಯವಾಗಿದೆ ಎಂದೇ ಅರ್ಥ. ವೇಗವನ್ನು ಅದಕ್ಕಿಂತ ಹೆಚ್ಚಿಸಬಾರದು, ಅಷ್ಟೆ.

ಈ ನಷ್ಟದ ಮೇಲೆ ನಾನೊಂದು ನಿಯಮ ಮಾಡಿಕೊಂಡೆ: ಅಳೆದು ದೋಷ ಕಾಣುವವರೆಗೆ ಯಾವ ಭಾಗವನ್ನೂ ಕೊಳ್ಳಬಾರದು, ಮತ್ತು ಅಳತೆಯನ್ನು ಭಾರ ಬಿದ್ದಾಗಲೇ ಮಾಡಬೇಕು. ಓಮ್‌ಮೀಟರ್ ಹಿಡಿದು ತಂತಿ ಸರಿಯಿದೆ ಎನ್ನುವುದರಲ್ಲಿ ನನಗೆ ನಂಬಿಕೆ ಉಳಿದಿಲ್ಲ. ಇಪ್ಪತ್ತೆಂಟು ಎಳೆಗಳ ತಂತಿಯಲ್ಲಿ ಎರಡೇ ಎಳೆ ಉಳಿದಿದ್ದರೂ ಓಮ್‌ಮೀಟರ್ ಸೊನ್ನೆಯನ್ನೇ ತೋರಿಸುತ್ತದೆ. ಹತ್ತು ಆಂಪಿಯರ್ ಹರಿದಾಗ ಮಾತ್ರ ಅದರ ಬಣ್ಣ ಬಯಲಾಗುತ್ತದೆ. ಆದ್ದರಿಂದ ದೀಪ ಉರಿಯುತ್ತಿರುವಾಗ, ಸೆಲ್ಫ್ ಹೊಡೆಯುತ್ತಿರುವಾಗ, ಪ್ರತಿಯೊಂದು ಕೀಲಿನ ಈ ಬದಿಗೂ ಆ ಬದಿಗೂ ನಡುವೆ ಎಷ್ಟು ವೋಲ್ಟ್ ಕಳೆದುಹೋಗುತ್ತಿದೆ ಎಂದು ಅಳೆಯುತ್ತಾ ಹೋದೆ. ಅರ್ಥ್ ಬದಿಯನ್ನು ಮೊದಲು ಮುಗಿಸಿ ಆಮೇಲೆ ಲೈವ್ ಬದಿ. ಐವತ್ತು ವರ್ಷದ ತಾಮ್ರ ಕೆಡುವುದು ಅಪರೂಪ, ಕೆಡುವುದು ಅದರ ಕೀಲುಗಳು ಎಂಬುದೇ ನನ್ನ ವಾದವಾಗಿತ್ತು. ಮೂವರು ಎಲೆಕ್ಟ್ರಿಷಿಯನ್‌ಗಳೂ ಇದನ್ನು ಒಪ್ಪಲಿಲ್ಲ.

ಮೊದಲ ಸಾಕ್ಷಿ ಸಿಕ್ಕಿದ್ದು ಚೋಕ್ ಕೇಬಲ್‌ನಿಂದ. ಬೆಳಗ್ಗೆ ಎಂಜಿನ್ ಬೇಗ ಹಿಡಿಯದೆ ನಾಲ್ಕೈದು ಸಲ ಸೆಲ್ಫ್ ಹೊಡೆದ ಮೇಲೆ ಚೋಕ್ ಎಳೆಯಲು ಹೋದರೆ ಕೇಬಲ್ ಕೈ ಸುಡುವಷ್ಟು ಬಿಸಿಯಾಗಿತ್ತು. ಬಾನೆಟ್ ಒಳಗೆ ಅದರ ಹೊರಕವಚ ಒಂದೆಡೆ ಕರಗಿ ಹೊಳೆಯುತ್ತಿತ್ತು. ಎಂಜಿನ್ ಕುಳಿತಿರುವುದು ರಬ್ಬರ್ ಮೌಂಟಿಂಗ್‌ಗಳ ಮೇಲೆ. ಅದಕ್ಕೂ ಬಾಡಿಗೂ ನಡುವಿನ ಹೆಣೆದ ಅರ್ಥ್ ಪಟ್ಟಿ ಸತ್ತಿದ್ದರೆ ಸೆಲ್ಫ್ ಮೋಟಾರಿನ ಅಷ್ಟೂ ಕರೆಂಟ್ ಸಿಕ್ಕ ದಾರಿ ಹಿಡಿಯುತ್ತದೆ, ಇಲ್ಲಿ ಸಿಕ್ಕ ದಾರಿ ಚೋಕ್ ಕೇಬಲ್. ಬ್ಯಾಟರಿಯ ಪಾಸಿಟಿವ್ ಕಂಬಕ್ಕೂ ಎಂಜಿನ್ ಬ್ಲಾಕಿಗೂ ನಡುವೆ ಮೀಟರ್ ಹಿಡಿದು ಸೆಲ್ಫ್ ಹೊಡೆಸಿದಾಗ ಒಂದೂವರೆ ವೋಲ್ಟಿನ ಹತ್ತಿರ ತೋರಿಸಿತು. ಪಟ್ಟಿ ಹೊರಗಿನಿಂದ ಚೆನ್ನಾಗಿಯೇ ಕಾಣುತ್ತಿತ್ತು. ಬಿಚ್ಚಿ ನೋಡಿದರೆ ಒಳಗಿನ ಹೆಣಿಗೆ ಹಸಿರುಗಟ್ಟಿ ಪುಡಿಯಾಗಿತ್ತು, ಮೇಲಾಗಿ ಯಾರೋ ಬಾಡಿಗೆ ಬಣ್ಣ ಹೊಡೆದ ಮೇಲೆ ಆ ಬಣ್ಣದ ಮೇಲೆಯೇ ಬೋಲ್ಟ್ ಬಿಗಿದಿದ್ದರು. ಬಣ್ಣವನ್ನು ಉಪ್ಪು ಕಾಗದದಿಂದ ಕೆರೆದು, ಹೊಸ ಪಟ್ಟಿ ಹಾಕಿ, ಬಾಡಿಗೆ ಬರುವ ಬ್ಯಾಟರಿ ಕೇಬಲ್ಲಿನ ತುದಿಯನ್ನೂ ಹಾಗೆಯೇ ಹೊಳಪಿಸಿದ ಮೇಲೆ 0.2 ವೋಲ್ಟಿಗಿಂತ ಕಡಿಮೆಗೆ ಇಳಿಯಿತು. ಹೊಸ ಪಟ್ಟಿಯ ಬೆಲೆ ನಾನು ವ್ಯರ್ಥವಾಗಿ ಕೊಂಡ ಬ್ಯಾಟರಿಯ ಬೆಲೆಯ ಇಪ್ಪತ್ತನೇ ಒಂದು ಪಾಲೂ ಇರಲಿಲ್ಲ.

ಹೆಡ್‌ಲೈಟಿನ ಕಥೆಯೂ ಇದೇ ಜಾತಿಯದು, ಆದರೆ ನಷ್ಟ ಐದಾರು ಕಡೆ ಹಂಚಿಕೊಂಡಿತ್ತು. ಬ್ಯಾಟರಿಯಲ್ಲಿ 12.4 ಇದ್ದಾಗ ಬಲ್ಬಿನ ಕಾಲುಗಳ ನಡುವೆ ಸಿಗುತ್ತಿದ್ದದ್ದು 10.3. ಇದು ಸಣ್ಣ ನಷ್ಟವಲ್ಲ. ತಂತುವಿನ ಬಲ್ಬಿನಲ್ಲಿ ವೋಲ್ಟೇಜ್ ಆರರಲ್ಲಿ ಒಂದು ಪಾಲು ಇಳಿದರೆ ಬೆಳಕು ಹೆಚ್ಚುಕಡಿಮೆ ಅರ್ಧಕ್ಕೆ ಬರುತ್ತದೆ. ದೀಪದ ಬಟ್ಟಲಿನ ಅರ್ಥ್ ತಂತಿಯಲ್ಲಿ 0.6, ರೇಡಿಯೇಟರ್ ಪಕ್ಕದ ಬುಲೆಟ್ ಕನೆಕ್ಟರ್‌ಗಳಲ್ಲಿ (ತಂತಿಯ ತುದಿಯನ್ನು ತೋಳಿನೊಳಗೆ ಒತ್ತಿ ಸೇರಿಸುವ ಕೀಲುಗಳು) 0.5ರಷ್ಟು, ಡಿಪ್ ಸ್ವಿಚ್ಚಿನಲ್ಲಿ 0.4, ಉಳಿದದ್ದು ಡ್ಯಾಶ್‌ಬೋರ್ಡಿನ ಸ್ವಿಚ್ಚಿನಲ್ಲಿ. ಇಂಡಿಕೇಟರ್ ಹಾಕಿದಾಗ ಎರಡೂ ಮಂಕಾಗುತ್ತಿದ್ದದ್ದು ಮುಂಭಾಗದ ದೀಪಗಳೆಲ್ಲ ಒಂದೇ ಕೆಟ್ಟ ಅರ್ಥ್ ಬೋಲ್ಟನ್ನು ಹಂಚಿಕೊಂಡಿದ್ದರಿಂದ. ಬೋಲ್ಟ್ ಸ್ವಚ್ಛವಾದ ದಿನವೇ ಆ ತೊಂದರೆ ಹೋಯಿತು. ಬುಲೆಟ್‌ಗಳ ತೋಳುಗಳನ್ನು ಮಾತ್ರ ಹೊಸದಾಗಿ ಹಾಕಿದೆ, ಏಕೆಂದರೆ ಹಳೆಯ ತೋಳಿನ ಒಳಗೆ ಉಜ್ಜುವುದು ಸಮಯ ವ್ಯರ್ಥ. ಕೊನೆಯಲ್ಲಿ ಎರಡು ರಿಲೇ (ಸಣ್ಣ ಕರೆಂಟಿನಿಂದ ದೊಡ್ಡ ಕರೆಂಟನ್ನು ಹರಿಸುವ ಸ್ವಿಚ್) ಸೇರಿಸಿ ಸ್ವಿಚ್ಚುಗಳ ಮೇಲಿನ ಭಾರ ತೆಗೆದೆ. ಈಗ ಬಲ್ಬಿಗೆ ಸಿಗುವುದು ಬ್ಯಾಟರಿಗಿಂತ 0.3 ಕಡಿಮೆ. ಮಡಚಿ ಮುಚ್ಚಿದ ಡಿಪ್ ಸ್ವಿಚ್ಚನ್ನು ಕಿವಿಗಳು ಮುರಿಯದಂತೆ ತೆರೆದು ಮತ್ತೆ ಮುಚ್ಚುವ ಬಗೆ ಕಂಡುಕೊಳ್ಳಲು ನನಗೆ ಮೂರು ಸ್ವಿಚ್ಚುಗಳು ಹಾಳಾದವು, ಆದ್ದರಿಂದ ಅದನ್ನು ಸದ್ಯಕ್ಕೆ ನನ್ನಲ್ಲಿಯೇ ಇಟ್ಟುಕೊಳ್ಳುತ್ತೇನೆ.

ಎಲ್ಲಕ್ಕಿಂತ ಹೆಚ್ಚು ಕಾಡಿದ್ದು ಬಿಸಿಯಾದ ಮೇಲೆ ಎಂಜಿನ್ ಆರುವ ದೋಷ. ನಿಂತ ಕಾರಿನ ಬಾನೆಟ್ ತೆರೆದು ಮೀಟರ್ ಹಿಡಿಯುವಷ್ಟರಲ್ಲಿ ಅದು ಸರಿಯಾಗಿರುತ್ತಿತ್ತು. ಬಿಸಿಗೆ ಕೆಡುವುದು ಕಾಯಿಲ್ ಎಂದು ಎಲ್ಲರೂ ಹೇಳಿದರು, ನಾನೂ ನಂಬಿ ಎರಡು ಕಾಯಿಲ್ ಕೊಂಡೆ. ಕೊನೆಗೆ ಕಾಯಿಲಿನ ಡಿಸ್ಟ್ರಿಬ್ಯೂಟರ್ (ಪಾಯಿಂಟ್ ಕುಳಿತಿರುವ, ಸ್ಪಾರ್ಕನ್ನು ಹಂಚುವ ಭಾಗ) ಬದಿಯ ಟರ್ಮಿನಲ್ಲಿನಿಂದ ಒಂದು ಉದ್ದ ತಂತಿಯನ್ನು ಕ್ಯಾಬಿನ್ ಒಳಗೆ ತಂದು, ಹಳೆಯ ಮುಳ್ಳಿನ ವೋಲ್ಟ್‌ಮೀಟರಿಗೆ ಜೋಡಿಸಿ, ಪಕ್ಕದ ಸೀಟಿನಲ್ಲಿ ಗೆಳೆಯನನ್ನು ಕೂರಿಸಿಕೊಂಡು ಓಡಿಸಿದೆ. ಡಿಜಿಟಲ್ ಮೀಟರ್ ಇಲ್ಲಿ ಅಂಕಿಗಳನ್ನು ಸುಮ್ಮನೆ ಕುಣಿಸುತ್ತದೆ, ಮುಳ್ಳಿನದೇ ಬೇಕು. ಎಂಜಿನ್ ಓಡುತ್ತಿರುವಾಗ ಪಾಯಿಂಟ್ ಮೂರರಲ್ಲಿ ಎರಡು ಪಾಲು ಕಾಲ ಮುಚ್ಚಿರುವುದರಿಂದ ಮುಳ್ಳು ನಾಲ್ಕೈದು ವೋಲ್ಟಿನ ಸುತ್ತ ನಿಲ್ಲುತ್ತದೆ. ಎಂಜಿನ್ ಆರಿದಾಗ ಮುಳ್ಳು ಸೊನ್ನೆಗೆ ಬಿದ್ದರೆ ಇಗ್ನಿಷನ್ ಸ್ವಿಚ್ ಕಡೆಯಿಂದ ಕರೆಂಟ್ ಬರುತ್ತಿಲ್ಲ, ಇಲ್ಲವೇ ಕಾಯಿಲ್ ಒಳಗೆ ಕಡಿದಿದೆ, ಇಲ್ಲವೇ ಪಾಯಿಂಟ್ ಅಥವಾ ಕಂಡೆನ್ಸರ್ ಅರ್ಥ್‌ಗೆ ಅಂಟಿದೆ. ಮೇಲೆ ಹನ್ನೆರಡಕ್ಕೆ ಹೋಗಿ ನಿಂತರೆ ಕಾಯಿಲ್ ದಾಟಿ ಕರೆಂಟ್ ಬಂದಿದೆ, ಅದಕ್ಕೆ ಅರ್ಥ್ ಸಿಗುತ್ತಿಲ್ಲ. ಸುಮಾರು ನಲವತ್ತು ನಿಮಿಷ ಓಡಿದ ಮೇಲೆ, ಸಮ ವೇಗದಲ್ಲಿ ಆಕ್ಸಿಲರೇಟರ್ ಸ್ವಲ್ಪ ಸಡಿಲಿಸಿದಾಗ ಎಂಜಿನ್ ಆರಿತು. ಕಾರು ಇನ್ನೂ ಗೇರಿನಲ್ಲೇ ಉರುಳುತ್ತಿತ್ತು, ಗೆಳೆಯ ಮುಳ್ಳು ಹನ್ನೆರಡರಲ್ಲಿ ನಿಂತಿದೆ ಎಂದ.

ಕಾಯಿಲ್ ನಿರ್ದೋಷಿ ಎಂದು ಆ ಕ್ಷಣಕ್ಕೆ ತೀರ್ಮಾನವಾಯಿತು. ಡಿಸ್ಟ್ರಿಬ್ಯೂಟರ್ ಒಳಗೆ ಹೊರಗಿನ ಟರ್ಮಿನಲ್ಲಿನಿಂದ ಪಾಯಿಂಟಿಗೆ ಹೋಗುವ, ಬೆರಳುದ್ದದ ಮೆತ್ತನೆಯ ತಂತಿಯಿದೆಯಲ್ಲ, ಅದು ಕವಚದ ಒಳಗೇ ತುಂಡಾಗಿತ್ತು. ವ್ಯಾಕ್ಯೂಮ್ ಅಡ್ವಾನ್ಸ್ (ಎಂಜಿನ್ ಗಾಳಿ ಹೀರುವ ಬಲಕ್ಕೆ ತಕ್ಕಂತೆ ಸ್ಪಾರ್ಕಿನ ಸಮಯ ಬದಲಿಸುವ ಸಾಧನ) ಪಾಯಿಂಟಿನ ತಟ್ಟೆಯನ್ನು ತಿರುಗಿಸಿದಾಗಲೆಲ್ಲ ಅದು ಎಳೆದಾಡಿ ಎಳೆದಾಡಿ ಸವೆದಿತ್ತು. ತಣ್ಣಗಿರುವಾಗ ಗಟ್ಟಿಯಾದ ಕವಚ ಎರಡು ತುದಿಗಳನ್ನು ತಾಗಿಸಿ ಹಿಡಿದಿರುತ್ತಿತ್ತು, ಬಿಸಿಗೆ ಕವಚ ಮೆತ್ತಗಾದಾಗ ಬಿಡುತ್ತಿತ್ತು ಎಂಬುದು ನನ್ನ ಲೆಕ್ಕ. ತಟ್ಟೆಯಿಂದ ಡಿಸ್ಟ್ರಿಬ್ಯೂಟರ್ ಬಾಡಿಗೆ ಹೋಗುವ ಹೆಣೆದ ಅರ್ಥ್ ಎಳೆಯೂ ಅರ್ಧ ಹರಿದಿತ್ತು. ಎರಡನ್ನೂ ಬಹಳ ಸಣ್ಣ ಎಳೆಗಳ ಮೆತ್ತನೆಯ ತಂತಿಯಿಂದ ನಾನೇ ಮಾಡಿದೆ, ಖರ್ಚು ಲೆಕ್ಕಕ್ಕೆ ಬರುವಷ್ಟಿರಲಿಲ್ಲ. ಆ ಸಂಜೆ ಮನೆಗೆ ಬಂದಾಗ ಆದ ಸಂತೋಷ ಕಾರು ಕೊಂಡ ದಿನವೂ ಆಗಿರಲಿಲ್ಲ.

ಎಡ ತಿರುವಿನ ಫ್ಯೂಸ್ ಹಿಡಿದದ್ದು ಎಲ್ಲರಿಗೂ ಗೊತ್ತಿರುವ ಬಲ್ಬಿನ ಉಪಾಯದಿಂದಲೇ. ಫ್ಯೂಸಿನ ಜಾಗದಲ್ಲಿ 21 ವ್ಯಾಟಿನ ಬಲ್ಬ್ ಜೋಡಿಸಿ, ಇಗ್ನಿಷನ್ ಹಾಕಿ, ಆ ಫ್ಯೂಸಿನಿಂದ ಹೊರಡುವ ಹಸಿರು ತಂತಿಗಳ ಕಟ್ಟನ್ನು ಅಂಗುಲ ಅಂಗುಲವಾಗಿ ಅಲುಗಿಸುತ್ತಾ ಹೋದೆ. ಡ್ಯಾಶ್‌ಬೋರ್ಡಿನ ಹಿಂದೆ ಹೀಟರಿನ ಬ್ರಾಕೆಟ್ ಬಳಿ ಬಲ್ಬ್ ಪೂರ್ತಿ ಉರಿಯಿತು. ಕಟ್ಟು ಹಿಡಿದಿದ್ದ ಕ್ಲಿಪ್ ಕಳಚಿ, ತಿರುವಿನಲ್ಲಿ ವೈರು ಜಾರಿ ತಗಡಿನ ಅಂಚಿಗೆ ತಾಗುತ್ತಿತ್ತು. ಹತ್ತು ಸೆಂಟಿಮೀಟರ್ ತಂತಿ ಬದಲಿಸಿ ಕ್ಲಿಪ್ ಹಾಕಿದೆ. ಇಲ್ಲಿ ಒಂದು ಎಚ್ಚರಿಕೆಯನ್ನು ಹೇಳಲೇಬೇಕು. ಹಳೆಯ ಬ್ರಿಟಿಷ್ ಗಾಜಿನ ಫ್ಯೂಸಿನ ಮೇಲೆ ಬರೆದ 35 ಎಂಬುದು ಅದು ಸುಡುವ ಮಿತಿ, ಸತತವಾಗಿ ಹೊರಬಲ್ಲದ್ದು 17 ಆಂಪಿಯರ್ ಮಾತ್ರ. ಮೊದಮೊದಲು ನಾನು ಸತತ 35 ಹೊರುವ ಬೇರೆ ಮಾದರಿಯ ಫ್ಯೂಸ್ ಹಾಕಿ ಒಂದು ವಾರ ಓಡಿಸಿದ್ದೆ, ಅಷ್ಟರಲ್ಲೇ ಬ್ರಾಕೆಟ್ ಬಳಿಯ ತಂತಿಗಳ ಕವಚ ಮೆತ್ತಗಾಗಿತ್ತು. ಇನ್ನೊಂದು ವಾರ ಹಾಗೆಯೇ ಬಿಟ್ಟಿದ್ದರೆ ಕಾರೇ ಹೊತ್ತಿ ಉರಿಯುತ್ತಿತ್ತೇನೋ ಎಂಬ ಭಯ ಈಗಲೂ ಇದೆ.

ಬ್ಯಾಟರಿ ಇಳಿಯುವುದಕ್ಕೆ ಸರಣಿಯಲ್ಲಿ ಆಂಪಿಯರ್ ಮೀಟರ್ ಹಾಕಿದರೆ 0.4ರ ಹತ್ತಿರ ತೋರಿಸಿತು. ಎರಡೂ ಫ್ಯೂಸ್ ತೆಗೆದರೂ ಅದು ಇಳಿಯಲಿಲ್ಲ, ಏಕೆಂದರೆ ಈ ಕಾರುಗಳಲ್ಲಿ ಬ್ಯಾಟರಿಯಿಂದ ನೇರ ಬರುವ ಕಂದು ತಂತಿಯ ಬಹುಪಾಲು ಫ್ಯೂಸಿನ ಹೊರಗೇ ಇದೆ. 0.4 ಆಂಪಿಯರ್ ಅಂದರೆ ಐದು ವ್ಯಾಟಿನ ಒಂದು ಬಲ್ಬು ಎಂದು ಲೆಕ್ಕ ಹಾಕಿ, ಡಿಕ್ಕಿಯೊಳಗೆ ಫೋನಿನಲ್ಲಿ ವಿಡಿಯೊ ಹಾಕಿಟ್ಟು ಮುಚ್ಚಳ ಮುಚ್ಚಿದೆ. ಮುಚ್ಚಿದ ಮೇಲೂ ಒಳಗೆ ದೀಪ ಉರಿಯುತ್ತಲೇ ಇತ್ತು. ಒತ್ತು ಸ್ವಿಚ್ಚು ಕೆಟ್ಟಿತ್ತು. ದಿನಕ್ಕೆ ಹತ್ತು ಆಂಪಿಯರ್ ಗಂಟೆಯಂತೆ ಸೋರಿದರೆ ನಾಲ್ಕನೆಯ ದಿನ ಸೆಲ್ಫ್ ತಿರುಗದಿರುವುದು ಸಹಜವೇ.

ಇಂಧನದ ಮುಳ್ಳೂ ತಾಪದ ಮುಳ್ಳೂ ಒಟ್ಟಿಗೆ ಮೇಲೇರಿದರೆ ಎಂಜಿನ್ ಕುದಿಯುತ್ತಿದೆ ಎಂದು ಗಾಬರಿಯಾಗಬೇಡಿ. ಮೀಟರ್‌ಗಳ ಹಿಂದಿರುವ, ಅವಕ್ಕೆ ಸಮನಾದ ವೋಲ್ಟೇಜ್ ಕೊಡುವ ಸ್ಟೆಬಿಲೈಸರಿನ ಅರ್ಥ್ ಹೋಗಿರುತ್ತದೆ, ಆಗ ಎರಡೂ ಮೀಟರ್‌ಗಳಿಗೆ ಸರಾಸರಿ ಹತ್ತರ ಬದಲು ಪೂರ್ತಿ ಹನ್ನೆರಡು ಸಿಗುತ್ತದೆ. ನನ್ನದರಲ್ಲಿ ಒಂದು ಸ್ಕ್ರೂ ಬಿಗಿಯುವಲ್ಲಿಗೆ ಮುಗಿಯಿತು.

ನಡುವೆ ಕೆಲವು ಪ್ರಯೋಗಗಳನ್ನೂ ಮಾಡಿದೆ. ಹಿತ್ತಾಳೆಯ ಕೀಲುಗಳನ್ನು ವಿನೆಗರ್ ಮತ್ತು ಉಪ್ಪಿನಲ್ಲಿ ಹದಿನೈದು ನಿಮಿಷ ನೆನೆಸಿದರೆ ಹೊಸದರಂತೆ ಹೊಳೆಯುತ್ತವೆ, ಆದರೆ ಕೂಡಲೇ ಸೋಡಾ ನೀರಿನಲ್ಲಿ ತೊಳೆದು ಒಣಗಿಸದಿದ್ದರೆ ಎರಡೇ ವಾರದಲ್ಲಿ ಮೊದಲಿಗಿಂತ ಹೆಚ್ಚು ಹಸಿರಾಗುತ್ತವೆ. ನಾನು ಒಂದು ಕಂತನ್ನು ಹಾಗೆ ಹಾಳುಮಾಡಿಕೊಂಡೆ. ಇಂಡಿಕೇಟರಿಗೆ ಎಲ್‌ಇಡಿ ಹಾಕಿ ನೋಡಿದೆ. ಬಿಸಿಯಾಗಿ ದೀಪವನ್ನು ಮಿನುಗಿಸುವ ಹಳೆಯ ಫ್ಲಾಷರ್ ಬಿಸಿಯಾಗುವಷ್ಟು ಕರೆಂಟ್ ಹರಿಯದೆ ಅದು ಮಿನುಗಲೇ ಇಲ್ಲ, ಮತ್ತೆ ಹಳೆಯ ಬಲ್ಬಿಗೇ ಬಂದೆ. ಎಂಜಿನ್ ಬದಿಯ ಎರಡು ಕೀಲುಗಳಿಗೆ ಬೆಸುಗೆ ಹಾಕಿದ್ದೆ, ಬೆಸುಗೆ ಮುಗಿಯುವ ಜಾಗದಲ್ಲಿ ತಂತಿ ಗಟ್ಟಿಯಾಗಿ ಆರು ತಿಂಗಳ ಅದುರಿಗೆ ಒಂದು ಮುರಿಯುವ ಸ್ಥಿತಿಗೆ ಬಂದಿತ್ತು. ಈಗ ಒಳ್ಳೆಯ ಇಕ್ಕಳದಿಂದ ಒತ್ತಿದ ಕ್ರಿಂಪ್ ಮಾತ್ರ. ಕೀಲುಗಳಿಗೆ ಹಚ್ಚುವ ಲೇಪವನ್ನು ನಾನೇ ಬೆರೆಸಿಕೊಳ್ಳುತ್ತೇನೆ, ಅದರ ಅಳತೆ ಇನ್ನೊಂದು ಮಳೆಗಾಲ ದಾಟಿದ ಮೇಲೆ ಹೇಳುವಂಥದ್ದು.

ಅಳತೆಯ ದಾರಿ ಹಿಡಿದ ಮೇಲೆ ತಗುಲಿದ ಒಟ್ಟು ಖರ್ಚು ಹಾರ್ನೆಸ್‌ಗೆ ಕೇಳಿದ ಮೊತ್ತದ ಹದಿನೈದನೇ ಒಂದು ಪಾಲಿರಬಹುದು. ಅದರಲ್ಲೂ ಅರ್ಧ ಕ್ರಿಂಪ್ ಇಕ್ಕಳಕ್ಕೇ ಹೋಯಿತು. ಸಮಯ ಮಾತ್ರ ಸುಮಾರು ಇಪ್ಪತ್ತು ರಜಾದಿನಗಳು ಹಿಡಿದವು. ಹಾರ್ನೆಸ್ ಬದಲಿಸಲೇಬೇಕು ಎಂದಿದ್ದ ಹಿರಿಯ ಎಲೆಕ್ಟ್ರಿಷಿಯನ್ ಕಳೆದ ತಿಂಗಳು ಬಂದು, ತಮ್ಮದೇ ಮೀಟರ್ ತೆಗೆದು, ಹೆಡ್‌ಲೈಟ್ ಉರಿಸಿ, ಬಲ್ಬಿನ ಕಾಲುಗಳಲ್ಲಿ ಎರಡು ಸಲ ಅಳೆದು ನೋಡಿದರು. ಆಮೇಲೆ ವೈಪರ್ ನಿಧಾನವಾಗಿದೆಯಲ್ಲ ಎಂದರು. ಅದು ನಿಜ. ಮೋಟಾರಿಗೆ 12 ವೋಲ್ಟ್ ಪೂರ್ತಿ ತಲುಪುತ್ತಿದೆ, ಆದ್ದರಿಂದ ಈ ಬಾರಿ ದೋಷ ಗೇರ್‌ಪೆಟ್ಟಿಗೆಯ ಒಣಗಿದ ಗ್ರೀಸಿನಲ್ಲಿರಬೇಕು, ಮುಂದಿನ ವಾರ ಬಿಚ್ಚುತ್ತೇನೆ.