ಪ್ಲೇಟು ಇರಲಿ, ಮೊದಲು ಕ್ಯಾಸೆಟ್ ತನ್ನಿ

ಬಾಗಲಕೋಟೆಯ ನವನಗರದಲ್ಲಿ ನಾವು ಕೆಲವರು ಸೇರಿ ಹಳೆಯ ಧ್ವನಿಮುದ್ರಣಗಳನ್ನು ಕೂಡಿಟ್ಟುಕೊಂಡವರ ಕೂಟ ನಡೆಸುತ್ತೇವೆ. ಅಕ್ಟೋಬರ್ 27 ಶ್ರವ್ಯ-ದೃಶ್ಯ ಪರಂಪರೆಯ ವಿಶ್ವ ದಿನ. ಅದರ ಆಸುಪಾಸಿನ ಭಾನುವಾರವನ್ನು ಗೊತ್ತು ಮಾಡುತ್ತೇವೆ. ದಿನದ ಮಹತ್ವಕ್ಕಿಂತ ಹವೆಯ ಅನುಕೂಲ ನೋಡಿದ್ದೇ ಹೆಚ್ಚು. ನಮ್ಮ ಕಡೆಯ ಏಪ್ರಿಲ್ ಬಿಸಿಲಿನಲ್ಲಿ ಅರಗಿನ ಗ್ರಾಮಫೋನ್ ಪ್ಲೇಟನ್ನು ಬಸ್ಸಿನ ಕಿಟಕಿಗೆ ಒರಗಿಸಿಕೊಂಡು ಬಂದರೆ ಇಳಿಯುವಷ್ಟರಲ್ಲಿ ಅದು ಹಪ್ಪಳದಂತೆ ಬಾಗಿರುತ್ತದೆ.

ನಾನು ಸಂಗ್ರಾಹಕನಲ್ಲ. ರೇಡಿಯೊ, ಟೇಪ್ ರೆಕಾರ್ಡರ್ ರಿಪೇರಿ ಮಾಡಿ ಬದುಕಿದವನು. ಕೂಟದಲ್ಲಿ ಯಂತ್ರಗಳ ಮೇಜು ನನ್ನ ಪಾಲಿಗೆ ಬಂದದ್ದು ಹಾಗೆ. ಹಾರ, ಶಾಲು, ಅಧ್ಯಕ್ಷರ ಭಾಷಣ ಬೇಡ ಎಂದು ಮೊದಲೇ ಹಟ ಹಿಡಿದಿದ್ದೆ. ಭಾಷಣ ಕೇಳಲು ಬಂದವರು ಚೀಲ ಬಿಚ್ಚುವುದಿಲ್ಲ, ಚೀಲ ಬಿಚ್ಚದಿದ್ದರೆ ಕೂಟ ಕೂಡಿ ಏನು ಫಲ?

ಚೀಲ ಬಿಚ್ಚಿಸುವುದೇ ಕಷ್ಟದ ಕೆಲಸ. ಸಂಗ್ರಾಹಕರು ಒಬ್ಬರನ್ನೊಬ್ಬರು ನಂಬುವುದಿಲ್ಲ. ತನ್ನ ಬಳಿ ಇರುವುದು ಗೊತ್ತಾದರೆ ಬೆಲೆ ಏರುತ್ತದೆ, ಇಲ್ಲವೇ ಮನೆ ಬಾಗಿಲಿಗೆ ಗಿರಾಕಿ ಬರುತ್ತಾನೆ ಎಂಬ ಭಯ. ಅದಕ್ಕೆ ಒಂದು ಕಟ್ಟಳೆ ಮಾಡಿದೆವು: ಸಭಾಂಗಣದೊಳಗೆ ಬೆಲೆಯ ಮಾತು ಎತ್ತಬಾರದು. ಕೊಡುಕೊಳ್ಳುವುದಿದ್ದರೆ ಸಂಜೆ ಐದರ ನಂತರ ಹೊರಗಿನ ಕಟ್ಟೆಯ ಮೇಲೆ. ಗುಜರಿ ವ್ಯಾಪಾರಿಗಳನ್ನೂ ಕರೆದೆವು, ಕೆಲವರಿಗೆ ಅದು ಸರಿ ಬರಲಿಲ್ಲ. ಆದರೆ ಆಲಮಟ್ಟಿ ಹಿನ್ನೀರಿಗೆ ಹಳೆಯ ಬಾಗಲಕೋಟೆಯ ಓಣಿಗಳು ಖಾಲಿಯಾದಾಗ ಮನೆ ಬಿಟ್ಟವರು ಅಟ್ಟದ ಮೇಲಿನ ಪ್ಲೇಟುಗಳನ್ನು ಹಾಕಿದ್ದು ಇವರ ಗಾಡಿಗೇ. ಯಾವ ಮನೆಯ ಸಾಮಾನು ಯಾರ ಕೈಗೆ ಹೋಯಿತು ಎಂಬುದು ಇವರಿಗೆ ನೆನಪಿದೆ.

ಪ್ಲೇಟುಗಳ ವಿಷಯ ಬೇಗ ಹೇಳಿ ಮುಗಿಸುತ್ತೇನೆ. ಬರುವವರಲ್ಲಿ ಹೆಚ್ಚಿನವರು ತರುವುದು ಅದನ್ನೇ. ಬೀಳಗಿಯ ಅಮೀರಬಾಯಿ ಕರ್ನಾಟಕಿ, ಅವರ ಅಕ್ಕ ಗೋಹರಬಾಯಿ, ಮಿರಜಿನಲ್ಲಿ ನೆಲೆಸಿದ್ದ ಅಬ್ದುಲ್ ಕರೀಂ ಖಾನರ ಓಡಿಯನ್ ಪ್ಲೇಟುಗಳು, ಸವಾಯಿ ಗಂಧರ್ವರು, ಮಲ್ಲಿಕಾರ್ಜುನ ಮನಸೂರರು. ಹತ್ತು ಇಂಚಿನ ಪ್ಲೇಟಿನ ಒಂದು ಬದಿಗೆ ಮೂರು ನಿಮಿಷದ ಹಾಡು. ಎಲ್ಲರಿಗೂ ಕಹಳೆಯ ಗ್ರಾಮಫೋನಿನಲ್ಲೇ ಕೇಳುವ ಆಸೆ. ಅದರ ಸೌಂಡ್ ಬಾಕ್ಸ್ ನೂರು ಗ್ರಾಮಿಗೂ ಮಿಕ್ಕ ಭಾರವನ್ನು ಉಕ್ಕಿನ ಮುಳ್ಳಿನ ಮೂಲಕ ಗೆರೆಯ ಮೇಲೆ ಹೇರುತ್ತದೆ, ಒಂದು ಬದಿ ಮುಗಿಯುವಷ್ಟರಲ್ಲಿ ಮುಳ್ಳೇ ಸವೆದಿರುತ್ತದೆ. ಆದ್ದರಿಂದ ಮನೆಮನೆಯಲ್ಲೂ ಸಿಗುವ ಸಿನಿಮಾ ಹಾಡಿನ ಪ್ಲೇಟು ಕಹಳೆಗೆ, ಅಪರೂಪದ್ದು ವಿದ್ಯುತ್ ಟರ್ನ್‌ಟೇಬಲ್ಲಿಗೆ. ಅದಕ್ಕೂ ಆಮೇಲೆ ಬಂದ ದೊಡ್ಡ ಪ್ಲೇಟಿನ, ಎಂದರೆ ಎಲ್‌ಪಿಯ, ಮುಳ್ಳು ನಡೆಯದು. ನಿಮಿಷಕ್ಕೆ 78 ಸುತ್ತು ತಿರುಗುವ ಈ ಪ್ಲೇಟಿನ ಗೆರೆ ಅಗಲ, ಸುಮಾರು ಮೂರು ಪಟ್ಟು ದಪ್ಪ ತುದಿಯ ಮುಳ್ಳು ಬೇಕು. ಸಣ್ಣ ಮುಳ್ಳು ಗೆರೆಯ ತಳಕ್ಕಿಳಿದು ಕಸವನ್ನೇ ಹಾಡಿಸುತ್ತದೆ.

ವೇಗ ನೋಡಲು 77 ಗೆರೆಗಳ ಕಾಗದದ ಬಿಲ್ಲೆಯನ್ನು ಪ್ಲೇಟಿನ ಮೇಲೆ ಇಡುತ್ತೇವೆ. ನಮ್ಮ 50 ಹರ್ಟ್ಸ್ ವಿದ್ಯುತ್ತಿಗೆ ಚೋಕ್ ಇರುವ ಹಳೆಯ ಟ್ಯೂಬ್‌ಲೈಟು ಸೆಕೆಂಡಿಗೆ 100 ಸಲ ಮಿನುಗುತ್ತದೆ. ಆ ಬೆಳಕಿನಲ್ಲಿ ಗೆರೆಗಳು ನಿಂತಂತೆ ಕಂಡರೆ ತಿರುಗುವ ವೇಗ ನಿಮಿಷಕ್ಕೆ 77.92 ಸುತ್ತು. ಸಭಾಂಗಣದ ತುಂಬ ಈಗ ಎಲ್‌ಇಡಿ ದೀಪಗಳು. ಒಳ್ಳೆಯ ಎಲ್‌ಇಡಿ ಹಾಗೆ ಮಿನುಗುವುದಿಲ್ಲ, ಗೆರೆಗಳು ಕಲಸಿಹೋಗುತ್ತವೆ. ಆದ್ದರಿಂದ ನನ್ನ ಅಂಗಡಿಯ ಟ್ಯೂಬ್‌ಲೈಟನ್ನು ಪಟ್ಟಿ ಸಮೇತ ಕಿತ್ತು ಹೊತ್ತುಕೊಂಡು ಹೋಗುತ್ತೇನೆ. ನೋಡಿದವರು ನಗುತ್ತಾರೆ, ನಗಲಿ.

ಇನ್ನೊಂದು ಎಚ್ಚರ ಸ್ಪಿರಿಟ್ಟಿನದು. ಟೇಪ್ ರೆಕಾರ್ಡರಿನ ಹೆಡ್, ಎಂದರೆ ಟೇಪಿನಿಂದ ದನಿ ಎತ್ತುವ ತುಂಡು, ಒರೆಸಲು ಐಸೊಪ್ರೊಪೈಲ್ ಆಲ್ಕೊಹಾಲ್ ಬೇಕೇ ಬೇಕು. ಅದೇ ಸೀಸೆಯನ್ನು ಯಾರಾದರೂ ಪ್ಲೇಟು ತೊಳೆಯಲು ಎತ್ತಿಕೊಂಡರೆ ಅರಗು ಕರಗಿ ಗೆರೆ ಹಾಳಾಗುತ್ತದೆ. ಪ್ಲೇಟಿಗೆ ಡಿಸ್ಟಿಲ್ಡ್ ವಾಟರ್, ಒಂದು ಹನಿ ಮೆದು ಸೋಪು, ಮೆತ್ತನೆಯ ಬ್ರಷ್, ಲೇಬಲ್ ಒದ್ದೆಯಾಗಬಾರದು. ಎರಡು ಮೇಜುಗಳನ್ನು ಸಭಾಂಗಣದ ಎರಡು ತುದಿಗೆ ಹಾಕುವುದು ಇದೇ ಕಾರಣಕ್ಕೆ. ಊಟ ಮಾಡಿ ಬಂದವರು ಕೈ ತೊಳೆಯದೆ ಯಾವ ಮೇಜಿನ ಹತ್ತಿರವೂ ಬರುವಂತಿಲ್ಲ. ಶೇಂಗಾ ಚಟ್ನಿಯ ಎಣ್ಣೆ ಗೆರೆಗಿಳಿದರೆ ಸುಲಭಕ್ಕೆ ಹೋಗುವುದಿಲ್ಲ.

ಇಷ್ಟೆಲ್ಲ ಮಾಡಿದರೂ ನನ್ನ ಲೆಕ್ಕದಲ್ಲಿ ಅವಸರ ಪ್ಲೇಟಿನದಲ್ಲ. ಒಡೆಯದೆ, ಬಿಸಿಲು ತಾಗದೆ ನಿಲ್ಲಿಸಿಟ್ಟರೆ ಅರಗಿನ ಪ್ಲೇಟು ನೂರು ವರ್ಷ ಬಾಳುತ್ತದೆ, ಬಾಳಿದ್ದನ್ನು ನೋಡಿದ್ದೇವೆ. ಕಂಪನಿ ಒತ್ತಿದ್ದಾದ್ದರಿಂದ ಇಲ್ಲಿಯದು ಹೋದರೂ ಅದರ ಜೋಡಿ ಮುಂಬೈಯಲ್ಲೋ ಕೋಲ್ಕತ್ತದಲ್ಲೋ ಒಬ್ಬರ ಬಳಿ ಇದ್ದೀತು. ಮುಂಬೈಯಲ್ಲಿ 1990ರಿಂದ ಭಾರತೀಯ ರೆಕಾರ್ಡ್ ಸಂಗ್ರಾಹಕರ ಸಂಘವೇ ಇದೆ. ಆದರೆ 1980ರ ಸುಮಾರಿಗೆ ಹಳ್ಳಿಯವನೊಬ್ಬನು ತನ್ನೂರ ಗುಡಿಯ ಮುಂದೆ ಬೆಳತನಕ ನಡೆದ ಶ್ರೀಕೃಷ್ಣ ಪಾರಿಜಾತದ ಆಟವನ್ನು ಕ್ಯಾಸೆಟ್ಟಿಗೆ ಹಿಡಿದಿದ್ದರೆ ಅದಕ್ಕೆ ಜೋಡಿ ಇಲ್ಲ. ಹಂತಿಯ ಪದಗಳೂ ಹಾಗೆಯೇ. ರಾಶಿ ಮಾಡಲು ಯಂತ್ರ ಬಂದ ಮೇಲೆ ಕಣದಲ್ಲಿ ಎತ್ತು ತುಳಿಸುವ ರಾತ್ರಿಗಳು ಹೋದವು, ಹಾಡುವ ಸಂದರ್ಭವೇ ಹೋಯಿತು. ಟೇಪು ಮಾತ್ರ ಟ್ರಂಕಿನಲ್ಲಿದೆ, ಬೂಸಲು ಹಿಡಿಯುತ್ತಿದೆ. 2025ರ ಹೊತ್ತಿಗೆ ಟೇಪು ನುಡಿಸುವ ಯಂತ್ರ, ಬಿಡಿಭಾಗಗಳು ಸಿಗುವುದೇ ಕಷ್ಟವಾಗುತ್ತದೆ ಎಂದು ಯುನೆಸ್ಕೊ ಎಚ್ಚರಿಸಿತ್ತು. ಆ ಗಡುವು ಬಂದೂ ಆಯಿತು. ನನ್ನ ಅಂಗಡಿಯ ಮಟ್ಟಿಗೆ ಆ ಮಾತು ಅದಕ್ಕೂ ಮೊದಲೇ ನಿಜವಾಗಿತ್ತು: ರಬ್ಬರ್ ಬೆಲ್ಟು ಸಿಗುತ್ತದೆ, ಒಳ್ಳೆಯ ಹೆಡ್ ಸಿಗುವುದಿಲ್ಲ.

ಹಾಗಾಗಿ ಕರಪತ್ರದಲ್ಲಿ ‘ಮನೆಯ ಕ್ಯಾಸೆಟ್ ತನ್ನಿ’ ಎಂದು ದಪ್ಪಕ್ಷರದಲ್ಲಿ ಹಾಕಿಸಿದೆ. ಪ್ಲೇಟಿನ ಹಿರಿಯರೊಬ್ಬರು ಮುನಿಸಿಕೊಂಡರು. "ಕ್ಯಾಸೆಟ್ ಎಂದರೆ ಮೊನ್ನೆ ಮೊನ್ನೆಯದು, ಅದೇನು ಇತಿಹಾಸ?" ಎಂದರು. "ಕಾಕಾ, ನಿಮ್ಮ ಪ್ಲೇಟಿನ ಬೆಂಕಿ ಆರಿದೆ, ನನ್ನ ಕಡೆ ಮನೆ ಇನ್ನೂ ಉರಿಯುತ್ತಿದೆ" ಎಂದೆ. ಅವರು ಮಾತಾಡಲಿಲ್ಲ. ಮಧ್ಯಾಹ್ನ ತಮ್ಮ ಸೊಸೆಯ ತವರಿನಿಂದ ಒಂದು ಬಿಸ್ಕೀಟಿನ ಡಬ್ಬಿ ತುಂಬ ಕ್ಯಾಸೆಟ್ ತರಿಸಿದರು.

ಆ ಡಬ್ಬಿಯಲ್ಲಿದ್ದ ಒಂದರ ಕೆಲಸ ಹೇಳುತ್ತೇನೆ. ಪಾರಿಜಾತದ ಆಟ ಹಿಡಿದ ಸಿ-90 ಕ್ಯಾಸೆಟ್, ಬದಿಗೆ 45 ನಿಮಿಷ. ಟೇಪಿನ ಅಂಚಿನಲ್ಲಿ ಬಿಳಿ ಬೂಸಲು, ಹೆಡ್ಡಿಗೆ ಒತ್ತುವ ಉಣ್ಣೆಯ ತುಂಡು ಉದುರಿಹೋಗಿತ್ತು. ಕವಚಕ್ಕೆ ಸ್ಕ್ರೂ ಇದ್ದದ್ದು ಪುಣ್ಯ. ಅಂಟಿಸಿದ ಕವಚವಾದರೆ ಬ್ಲೇಡಿನಿಂದ ಸೀಳಬೇಕು. ಮೂಗಿಗೆ ಮಾಸ್ಕ್ ಕಟ್ಟಿಕೊಂಡು ಬೂಸಲು ಒರೆಸಿ, ಎರಡೂ ಸುರುಳಿಗಳನ್ನು ಹೊಸ ಕವಚಕ್ಕೆ ಕೂರಿಸಿದೆ. ಈ ತುದಿಯಿಂದ ಆ ತುದಿಗೆ ಒಮ್ಮೆ ಸುತ್ತಿ, ತಿರುಗಿ ಬಿಚ್ಚಿ, ಆಮೇಲೆ ಹಾಡಿಸಿದೆ. ದನಿ ಮಂಕಾಗಿತ್ತು. ಹೆಡ್ಡಿನ ಪಕ್ಕದ ಸಣ್ಣ ಸ್ಕ್ರೂವನ್ನು ಕೂದಲೆಳೆಯಷ್ಟು ತಿರುಗಿಸುತ್ತ ಬಂದ ಹಾಗೆ ತಾಳದ ಕಿಣಿಕಿಣಿ ಬಿಚ್ಚಿಕೊಂಡಿತು. ಮುದ್ರಿಸಿದ ಯಂತ್ರದ ಹೆಡ್ ಯಾವ ಓರೆಯಲ್ಲಿತ್ತೋ ನಮ್ಮದೂ ಆ ಓರೆಗೇ ಬರಬೇಕು. ಕಂಪ್ಯೂಟರಿನಲ್ಲಿ ಆಮೇಲೆ ಏನು ಮಾಡಿದರೂ ಆ ಕಿಣಿಕಿಣಿ ಬರುವುದಿಲ್ಲ.

ಕೇಳುತ್ತ ಹೋದಂತೆ ಸತ್ಯಭಾಮೆಯ ದನಿ ಏರತೊಡಗಿತು. ಎರಡನೆಯ ಬದಿಯ ಕೊನೆಗೆ ಸಣ್ಣ ಹುಡುಗಿಯ ದನಿ. ಕಾರಣ ಸೆಲ್. ಮುದ್ರಿಸುವಾಗ ಸೆಲ್ ಇಳಿಯುತ್ತ ಟೇಪು ನಿಧಾನವಾಗಿ ಓಡಿದೆ. ಈಗ ಸರಿಯಾದ ವೇಗಕ್ಕೆ ಹಾಕಿದರೆ ಎಲ್ಲವೂ ಅವಸರದಲ್ಲಿ ಕೇಳುತ್ತದೆ. ಇದಕ್ಕೆ ಸಾಕ್ಷಿ ಪೇಟಿ, ಎಂದರೆ ಹಾರ್ಮೋನಿಯಂ. ಪೇಟಿಯ ಸುರ ರಾತ್ರಿಯಲ್ಲಿ ತಾನಾಗಿ ಏರುವುದಿಲ್ಲ. ಮೊದಲ ಪದಕ್ಕೆ ಪೇಟಿಯ ಸುರ ಕರಿ ನಾಲ್ಕರಲ್ಲಿ, ಎಂದರೆ ನಾಲ್ಕನೆಯ ಕರಿ ಮನೆಯಲ್ಲಿ, ನಿಂತಿದ್ದರೆ ಕೊನೆಯ ಪದಕ್ಕೂ ಅಲ್ಲೇ ನಿಲ್ಲಬೇಕು. ಕೂಟಕ್ಕೆ ಬಂದ ಪೇಟಿ ಮಾಸ್ತರರೊಬ್ಬರನ್ನು ಪಕ್ಕದಲ್ಲಿ ಕೂರಿಸಿಕೊಂಡು ಪದದಿಂದ ಪದಕ್ಕೆ ವೇಗ ಇಳಿಸಿದೆವು. ಅದೂ ನಕಲಿನಲ್ಲಿ ಮಾತ್ರ. ಮೊದಲು ತೆಗೆದ ಕಡತವನ್ನು ಇದ್ದ ಹಾಗೆಯೇ ಇಡುತ್ತೇವೆ: 96 ಕಿಲೊಹರ್ಟ್ಸ್, 24 ಬಿಟ್, ಒತ್ತಿ ಕಿರಿದು ಮಾಡದ ವೇವ್ ಕಡತ, ಸ್ಟೀರಿಯೊದಲ್ಲಿ ಗಂಟೆಗೆ ಸುಮಾರು ಎರಡು ಜಿಬಿ. ಎಂಪಿ3 ಮಾಡಿ ವಾಟ್ಸ್‌ಆ್ಯಪ್‌ನಲ್ಲಿ ಹಂಚಿದರೆ ಉಳಿಸಿದಂತೆ ಎಂದು ತಿಳಿದವರೊಡನೆ ವಾದ ಮಾಡುವುದನ್ನು ಬಿಟ್ಟಿದ್ದೇನೆ. ಅವರಿಗೆ ಎಂಪಿ3 ಕೊಟ್ಟು, ವೇವ್ ಕಡತದ ಮೂರು ಪ್ರತಿ ಮಾಡುತ್ತೇನೆ. ಒಂದು ನನ್ನಲ್ಲಿ, ಒಂದು ಮನೆಯವರಲ್ಲಿ, ಮೂರನೆಯದು ಬೆಳಗಾವಿಯ ಗೆಳೆಯರೊಬ್ಬರ ಕಪಾಟಿನಲ್ಲಿ. ಹೊಳೆ ಬಂದರೆ ಮೂರೂ ಊರಿಗೆ ಒಂದೇ ದಿನ ಬರಲಾರದು.

ಪದಗಳ ನಡುವೆ ಆಯೇರಿ ಕೂಗುತ್ತಾರಲ್ಲ, ಇಂಥವರು ಸತ್ಯಭಾಮೆಯ ಪಾತ್ರಕ್ಕೆ ಮೆಚ್ಚಿ ಹನ್ನೊಂದು ರೂಪಾಯಿ ಎಂದು, ಅದನ್ನು ಕತ್ತರಿಸಿ ಹಾಡಷ್ಟೇ ಇಡಿ ಎಂದು ಬಹಳ ಮಂದಿ ಕೇಳುತ್ತಾರೆ. ನಾನು ಒಪ್ಪುವುದಿಲ್ಲ. ಕಲಕತ್ತೆಯಲ್ಲಿ 1902ರಲ್ಲಿ ಪ್ಲೇಟಿಗೆ ಹಾಡಿದ ಗೋಹರ್ ಜಾನ್ ಹಾಡಿನ ಕೊನೆಗೆ ತನ್ನ ಹೆಸರನ್ನು ತಾನೇ ಕೂಗಿ ಹೇಳಿದ್ದರಿಂದ ಇವತ್ತಿಗೂ ಅದು ಯಾರ ದನಿ ಎಂಬ ಪ್ರಶ್ನೆ ಇಲ್ಲ. ನಮ್ಮ ಕ್ಯಾಸೆಟ್ಟಿನ ಮೇಲೆ ಹೆಚ್ಚೆಂದರೆ ‘ಪಾರಿಜಾತ ಭಾಗ 2’ ಎಂದು ಪೆನ್ಸಿಲ್ಲಿನಲ್ಲಿ ಬರೆದಿರುತ್ತದೆ. ಊರು, ಮೇಳ, ವರ್ಷ ಸಿಗುವುದು ಈ ಆಯೇರಿಯಲ್ಲೇ. ಡಬ್ಬಿಯ ಕ್ಯಾಸೆಟ್ಟಿನಲ್ಲಿ ಕೂಗಿದ ಹೆಸರೊಂದನ್ನು ಕೇಳಿ ಊಟದ ಸಾಲಿನಲ್ಲಿದ್ದ ಮುದುಕಿಯೊಬ್ಬರು, "ಅವರು ನಮ್ಮ ಮಾವನವರು, ನನ್ನ ದೊಡ್ಡ ಮಗ ಹುಟ್ಟುವ ಮುಂಚಿನ ವರ್ಷ ತೀರಿಕೊಂಡರು" ಎಂದರು. ಮಗನ ವಯಸ್ಸು ಕೇಳಿ, ಆಟ ನಡೆದ ರಾತ್ರಿ 1983ಕ್ಕಿಂತ ಈಚಿನದಲ್ಲ ಎಂದು ದಫ್ತರಿನಲ್ಲಿ ಬರೆದುಕೊಂಡೆವು.

ದಫ್ತರಿಗೆ ಒಬ್ಬ ಕಾಲೇಜು ಹುಡುಗಿ ಕೂರುತ್ತಾಳೆ. ಪ್ಲೇಟಾದರೆ ಲೇಬಲ್ಲಿನ ಸಂಖ್ಯೆ, ಗೆರೆ ಮುಗಿದ ಮೇಲೆ ನುಣುಪು ಜಾಗದಲ್ಲಿ ಒತ್ತಿದ ಸಂಖ್ಯೆ, ಹಾಡಿನ ಮೊದಲ ಸಾಲು. ಕ್ಯಾಸೆಟ್ಟಾದರೆ ಯಾರು ಹಿಡಿದದ್ದು, ಯಾವ ಗುಡಿ, ಯಾವ ಹಬ್ಬ. ಜೊತೆಗೆ ಒಪ್ಪಿಗೆಯ ಹಾಳೆ: ಮನೆಯವರಿಗೆ ಮಾತ್ರವೇ, ಓದುವ ಮಕ್ಕಳಿಗೂ ಕೇಳಿಸಬಹುದೇ, ಎಲ್ಲರಿಗೂ ಬಿಡಬಹುದೇ. ಪ್ರಕಟವಾದ ಧ್ವನಿಮುದ್ರಣಕ್ಕೆ ಕಾನೂನಿನಲ್ಲಿ 60 ವರ್ಷದ ಹಕ್ಕು. ಹಾಡು ಬರೆದವರ ಹಕ್ಕು ಬೇರೆ, ಅದು ಅವರು ತೀರಿದ ಮೇಲೂ 60 ವರ್ಷ. ಊರ ಕಲಾವಿದರಿಗೂ ತಮ್ಮ ಪ್ರದರ್ಶನದ ಮೇಲೆ 50 ವರ್ಷದ ಹಕ್ಕಿದೆ ಎಂದರೆ ಮೇಳದವರೇ ಬೆರಗಾಗುತ್ತಾರೆ.

ಮುಂದಿನ ಕೂಟಕ್ಕೆ ಬರುವವರಲ್ಲಿ ಒಂದು ಕೇಳಿಕೆ. ಕ್ಯಾಸೆಟ್ಟನ್ನು ಮನೆಯಲ್ಲಿ ಒಮ್ಮೆ ಹಾಕಿ ನೋಡಿ ತರಬೇಡಿ. ಬೂಸಲು ಹಿಡಿದ ಟೇಪು ಸಿಕ್ಕಿಕೊಂಡು ಹರಿಯುವುದು ಆ ಒಂದು ಸಲವೇ. ಹಿಂಬದಿಯ ಎರಡು ಪ್ಲಾಸ್ಟಿಕ್ ಚೂರುಗಳನ್ನು ಮುರಿದುಬಿಡಿ, ಮೇಲೆ ಯಾರೂ ಮತ್ತೇನನ್ನೂ ಮುದ್ರಿಸಲಾಗದು. ಸೆಲ್ಲಿನ ಹಳೆಯ ಟೇಪ್ ರೆಕಾರ್ಡರ್ ಮೂಲೆಯಲ್ಲಿ ಬಿದ್ದಿದ್ದರೆ ಅದನ್ನೂ ತನ್ನಿ, ಕೆಟ್ಟದ್ದಾದರೂ ಪರವಾಗಿಲ್ಲ. ಅದರ ಹೆಡ್ ನನಗೆ ಬೇಕಾಗಿದೆ.